ಸೀನಿಯರಣ್ಣನ ಕಾರ್ಬುರೇಟರ್

ಮುಖರ್ಜಿ ನಗರದ ಬತ್ರಾ ಸಿನೆಮಾದ ಆಸುಪಾಸಿನಲ್ಲಿ ನಾಲ್ಕು ಜನ ಕನ್ನಡದ ಹುಡುಗರು ಚಹಾ ಕುಡಿಯುತ್ತ ನಿಂತಿದ್ದರೆ, ಐದನೆಯವನು ಸೀನಿಯರಣ್ಣ. ಚಹಾದ ದುಡ್ಡು ಕೊಡುವವನು ಅವನಲ್ಲ, ಮಾತಾಡುವವನು ಅವನು. ಐಎಎಸ್ ಕನಸು ಹೊತ್ತು ದೆಹಲಿಗೆ ಬರುವ ಇಂಗ್ಲಿಷ್ ಮಾಧ್ಯಮದ ಉಳ್ಳವರು ಸಾಮಾನ್ಯವಾಗಿ ರಾಜೇಂದ್ರ ನಗರ ಹಿಡಿಯುತ್ತಾರೆ. ಬಾಡಿಗೆಗೆ ಹೆದರಿ ಹಿಂದಿಯವರ ನಡುವೆ ಕೋಣೆ ಹುಡುಕಿಕೊಂಡು ಇತ್ತ ಬರುವ ನಮ್ಮವರಿಗೆ ಅವನೇ ದಿಕ್ಕು. ಟಾಪರ್‌ಗಳ ನೋಟ್ಸ್ ಯಾವ ಜೆರಾಕ್ಸ್ ಅಂಗಡಿಯಲ್ಲಿ ಅಗ್ಗ, ನೆಹರೂ ವಿಹಾರದ ಯಾವ ಮೆಸ್ಸಿನಲ್ಲಿ ಅನ್ನ ಅನ್ನದ ಹಾಗಿರುತ್ತದೆ, ಎಲ್ಲ ಅವನ ನಾಲಿಗೆಯ ತುದಿಯಲ್ಲಿದೆ. ಪ್ರಿಲಿಮ್ಸ್ ಅವನಿಗೆ ನೀರು ಕುಡಿದಷ್ಟು ಸಲೀಸು. ಮೇನ್ಸ್‌ನಲ್ಲಿ ಮಾತ್ರ ಪ್ರತಿ ಸಲವೂ ಏನೋ ಆಗುತ್ತದೆ. ಏನಾಯಿತಣ್ಣ ಎಂದು ಕೇಳಿಬಿಟ್ಟರೆ ಮೌಲ್ಯಮಾಪನ ಪದ್ಧತಿಯ ಮೇಲೆ 250 ಪದಗಳ ಉತ್ತರ, ಕಡೆಗೆ 'ಮುಂದಿನ ದಾರಿ' ಎಂಬ ಉಪಶೀರ್ಷಿಕೆ ಸಮೇತ.

ಇಂಥ ಸೀನಿಯರಣ್ಣಂದಿರ ಪೈಕಿ ನಾನು ಹತ್ತಿರದಿಂದ ಬಲ್ಲವನು ಸಕಲೇಶಪುರದ ಕಡೆಯವನು. ಮನೆಯಲ್ಲಿ ಕಾಫಿ ತೋಟ, ತೋಟದ ಶೆಡ್ಡಿನಲ್ಲಿ ಅಜ್ಜ ಯಾವುದೋ ದೊರೆಯಿಂದ ಕೊಂಡಿದ್ದ ಬೂದು ಬಣ್ಣದ ಫರ್ಗುಸನ್ ಟಿಇ-20. ನಮ್ಮ ದೇಶದಲ್ಲಿ ಓಡುವ ಟ್ರಾಕ್ಟರುಗಳೆಲ್ಲ ಹೆಚ್ಚುಕಮ್ಮಿ ಡೀಸೆಲ್ಲಿನವು, ಅವಕ್ಕೆ ಕಾರ್ಬುರೇಟರ್ ಎಂಬ ಅಂಗವೇ ಇಲ್ಲ. 1959ರಲ್ಲಿ ಇಲ್ಲೇ ಪಕ್ಕದ ಫರೀದಾಬಾದಿನಿಂದ ಹೊರಬಿದ್ದ ಮೊದಲ ಐಷರ್ ಕೂಡ ಡೀಸೆಲ್ಲೇ. ಇವರ ಫರ್ಗುಸನ್ ಮಾತ್ರ ಪೆಟ್ರೋಲ್ ಕುಡಿಯುವ ಅಪರೂಪದ ಪ್ರಾಣಿ. ಆದ್ದರಿಂದ 'ಟ್ರಾಕ್ಟರಿಗೆಲ್ಲಿಯ ಕಾರ್ಬುರೇಟರ್' ಎಂದು ಯಾರಾದರೂ ನಗಲಿ ಎಂದು ಕಾಯುವುದೇ ಸೀನಿಯರಣ್ಣನ ಸುಖ. ನಕ್ಕವನಿಗೆ ಅವತ್ತು ರೀಡಿಂಗ್ ರೂಮಿಗೆ ಹೋಗುವ ಯೋಗವಿಲ್ಲ. ಕಾವೆಂಟ್ರಿಯ ಕಾರ್ಖಾನೆ, 1946ರಿಂದ 1956ರವರೆಗೆ ಐದು ಲಕ್ಷಕ್ಕೂ ಮೀರಿದ ತಯಾರಿಕೆ, ಹ್ಯಾರಿ ಫರ್ಗುಸನ್ ಫೋರ್ಡ್ ಕಂಪನಿಯ ಮೇಲೆ ಹೂಡಿದ್ದ ದಾವೆ, ಅದು 1952ರಲ್ಲಿ ರಾಜಿಯಾದದ್ದು, ಎಲ್ಲ ಕೇಳಿಸಿಕೊಂಡೇ ಏಳಬೇಕು. ಗಲ್ಲಿಯ ಮೆಕ್ಯಾನಿಕ್ಕನ್ನೂ ಅವನು ಬಿಟ್ಟಿಲ್ಲ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದ ಮೇಲೆ ಹೊಸ ಬೈಕುಗಳಿಗೂ ಕಾರ್ಬುರೇಟರ್ ತಪ್ಪಿತು ಎಂದು ಆ ಪಾಪದವನಿಗೆ ಹಿಂದಿಯಲ್ಲಿ ಸಂತಾಪ ಸೂಚಿಸಿ ಬಂದಿದ್ದ.

ಮೇ ತಿಂಗಳು. ಪ್ರಿಲಿಮ್ಸ್ ಮೂಗಿನ ತುದಿಗೆ ಬಂದಿತ್ತು. ಊರಲ್ಲಿ ಮಳೆಗೆ ಮುಂಚೆ ಗಿಡಗಳಿಗೆ ಬೋರ್ಡೋ ದ್ರಾವಣ ಹೊಡೆಯುವ ಗಡಿಬಿಡಿ. ಅಪ್ಪನಿಂದ ವಿಡಿಯೋ ಕಾಲ್ ಬಂತು. ಪರದೆಯ ತುಂಬ ಮೊದಲು ಅಪ್ಪನ ಮೂಗಿನ ಹೊಳ್ಳೆ, ಆಮೇಲೆ ಶೆಡ್ಡಿನ ತಗಡು, ಕೊನೆಗೆ ಟ್ರಾಕ್ಟರ್.

"ಏನ್ ಮಾಡಿದ್ರೂ ಸ್ಟಾರ್ಟ್ ಆಗ್ತಿಲ್ಲ ಕಣ್ಲಾ ಮಗ. ಎಲ್ಡ್ ಸಲ ಕೆಮ್ಮಿ ಸುಮ್ಕಾಯ್ತದೆ."

"ಅಪ್ಪಾಜಿ, 1958ರ ಜನವರಿ 4ಕ್ಕೆ ಎಡ್ಮಂಡ್ ಹಿಲರಿ ದಕ್ಷಿಣ ಧ್ರುವ ಮುಟ್ಟಿದ್ದು ಇದೇ ಜಾತಿ ಟ್ರಾಕ್ಟರಲ್ಲಿ."

"ಧ್ರುವಕ್ಕೆ ಹೋಗದ್ ಬ್ಯಾಡ ಕಣಪ್ಪ, ತ್ವಾಟದ ಗೇಟ್ ದಾಟಿದ್ರೆ ಸಾಕು."

ಸೀನಿಯರಣ್ಣ ಭಾರತದ ಭೂಪಟಕ್ಕೆ ಬೆನ್ನು ಕೊಟ್ಟು ನೆಟ್ಟಗೆ ಕೂತ. ಕೋಣೆಯಲ್ಲಿದ್ದ ಜೂನಿಯರ್‌ಗಳಿಗೆ ಪುಸ್ತಕ ಮುಚ್ಚಲು ಇದಕ್ಕಿಂತ ಒಳ್ಳೆಯ ನೆಪ ಬೇಕಿರಲಿಲ್ಲ. ಅತ್ತ ತೋಟದ ರೈಟ್ರು ಸ್ಪ್ಯಾನರ್ ಹಿಡಿದು ಕುಕ್ಕರುಗಾಲಲ್ಲಿ ಕೂತರು. ಆ ಮನುಷ್ಯ ಟ್ರಾಕ್ಟರಿನ ಕೆಲಸದಲ್ಲೇ ತಲೆ ಹಣ್ಣು ಮಾಡಿಕೊಂಡವರು, ಆದರೂ ದಿಲ್ಲಿಯಿಂದ ಬಂದ ಅಪ್ಪಣೆಗೆ ತಲೆದೂಗಿದರು.

ಒಪ್ಪಬೇಕಾದ್ದನ್ನು ಒಪ್ಪಲೇಬೇಕು. ಬಿಚ್ಚಿಸುವುದರಲ್ಲಿ ಸೀನಿಯರಣ್ಣನದು ಎತ್ತಿದ ಕೈ. ಮೊದಲು ಟ್ಯಾಂಕಿನ ನಲ್ಲಿ ಬಂದ್. ಆಮೇಲೆ ಅದರ ಕೆಳಗಿನ ಗಾಜಿನ ಬಟ್ಟಲು ಬಿಚ್ಚಿ, ತಳದಲ್ಲಿ ಕೂತ ನೀರು, ತುಕ್ಕಿನ ಪುಡಿ ಚೆಲ್ಲಿಸಿದ. ಕಾರ್ಬುರೇಟರಿನ ಬೌಲ್ ಇಳಿಸಿದಾಗ ಒಳಗೆ ಬೆಲ್ಲದ ಪಾಕ ಒಣಗಿದಂಥ ಕಂದು ಅಂಟು.

"ನೋಡಿ, ತಿಂಗಳುಗಟ್ಟಲೆ ನಿಂತ ಪೆಟ್ರೋಲು ಹೀಗಾಗ್ತದೆ. ಮೇಲಾಗಿ ಈಗ ಶೇ. 20 ಎಥನಾಲ್. ಅದು ಗಾಳಿಯ ನೀರು ಎಳ್ಕೊಳ್ತದೆ. 2030ರ ಗುರೀನ 2025ಕ್ಕೇ..."

"ಪಾಲಿಸಿ ಆಮ್ಯಾಕೆ ಹೇಳ್ಲಾ, ಮುಂದಿಂದ್ ಹೇಳು."

ಫ್ಲೋಟನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಲು ಹೇಳಿದ. ಒಳಗೆ ಕುಲುಕಿದರೆ ತೂತಾಗಿ ಪೆಟ್ರೋಲ್ ಹೊಕ್ಕಿದೆ ಎಂದರ್ಥ. ಕುಲುಕಲಿಲ್ಲ. ಜೆಟ್ಟನ್ನು ಬೆಳಕಿಗೆ ಹಿಡಿಸಿದ. ಸಾಸಿವೆಗಿಂತ ಸಣ್ಣ ಕಣ್ಣು, ಅದೂ ಕುರುಡು. ರೈಟ್ರು ಪಿನ್ನೊಂದಕ್ಕೆ ಕೈ ಹಾಕಿದ್ದೇ ತಡ, ಮುಖರ್ಜಿ ನಗರದ ಮೂರನೇ ಮಹಡಿ ನಡುಗುವ ಹಾಗೆ ಕೂಗಿದ: "ಪಿನ್ ಬ್ಯಾಡಿ ರೈಟ್ರೇ! ಹಿತ್ತಾಳೆ ತೂತು ದೊಡ್ಡದಾದ್ರೆ ಪೆಟ್ರೋಲ್ ಹೆಚ್ಚು ಕುಡೀತದೆ, ಜೀವಮಾನ ಪೂರ್ತಿ ಹೊಗೆ. ವೈರಿನ ತಾಮ್ರದ ಎಳೆ ತಗೊಳ್ಳಿ, ಇಲ್ಲಾ ಪಂಪಲ್ಲಿ ಗಾಳಿ ಹೊಡೀರಿ."

ಜೂನಿಯರೊಬ್ಬ ಚೋಕ್ ಎಂದರೇನಣ್ಣ ಎಂದ.

"352ನೇ ವಿಧಿ. ಎಂಜಿನ್ ತಣ್ಣಗಿದ್ದಾಗ ಗಾಳಿ ಕಡಿಮೆ ಮಾಡಿ ಪೆಟ್ರೋಲ್ ಜಾಸ್ತಿ ಕೊಡೋ ತುರ್ತು ಏರ್ಪಾಡು. ಬಿಸಿಯಾದ ಮೇಲೂ ಎಳ್ಕೊಂಡೇ ಇದ್ರೆ 1975."

ಹುಡುಗ ಬರೆದುಕೊಂಡ.

ಅಷ್ಟರಲ್ಲಿ ಅತ್ತ ಅಡಿಕೆ ಹಾಳೆಯ ತಟ್ಟೆಯ ಮೇಲೆ ಜೆಟ್ಟು, ಫ್ಲೋಟು, ನೀಡಲ್ಲು, ಸ್ಕ್ರೂಗಳು, ವಾಷರುಗಳು ತೊಳೆದು ಒರೆಸಿಕೊಂಡು ಸಾಲಾಗಿ ಮಲಗಿದ್ದವು. ಅಪ್ಪ ಕ್ಯಾಮೆರಾ ಅದರ ಮೇಲೆ ಬಾಗಿಸಿ, "ಈಗ ಜೋಡ್ಸದೆಂಗ್ಲಾ?" ಎಂದರು.

ಸೀನಿಯರಣ್ಣ ಗಂಟಲು ಸರಿಮಾಡಿಕೊಂಡ. ನೀರು ಕುಡಿದ. ಭೂಪಟದ ಕಡೆಗೊಮ್ಮೆ ತಿರುಗಿ ನೋಡಿದ. "ಜೋಡಣೆ ಬಗ್ಗೆ ಎರಡು ಅಭಿಪ್ರಾಯ ಇವೆ ಅಪ್ಪಾಜಿ. ಒಂದು ಕಡೆಯಿಂದ ನೋಡಿದ್ರೆ ಗ್ಯಾಸ್ಕೆಟ್ ಮೊದಲು ಅಂತ ವಾದ ಮಾಡಬಹುದು. ಆದ್ರೆ ಇನ್ನೊಂದು ಕಡೆ ಫ್ಲೋಟಿನ ಮಟ್ಟಾನ..."

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮೇನ್ಸ್ ಶುರುವಾಗಿತ್ತು.

ರೈಟ್ರು ಎರಡನೇ ಅಭಿಪ್ರಾಯಕ್ಕೆ ಕಾಯಲಿಲ್ಲ. ಬಾಯಲ್ಲಿದ್ದ ಎಲೆಅಡಿಕೆ ಉಗಿದು ಬರುವಷ್ಟರಲ್ಲಿ ಕ್ರಮ ಮನಸ್ಸಲ್ಲೇ ಹಾಕಿಕೊಂಡಿದ್ದರೋ ಏನೋ, ಬೆರಳುಗಳು ತಮ್ಮಷ್ಟಕ್ಕೆ ಓಡಾಡಿದವು. ಇತ್ತ ಸೀನಿಯರಣ್ಣ 'ಆದಾಗ್ಯೂ' ಎಂಬಲ್ಲಿಗೆ ಬರುವ ಹೊತ್ತಿಗೆ ಅತ್ತ ಬೌಲು ಬಿಗಿದು ನಲ್ಲಿ ತೆರೆದಾಗಿತ್ತು. ಈ ಫರ್ಗುಸನ್ನಿಗೆ ಬೇರೆ ಸ್ಟಾರ್ಟರ್ ಬಟನ್ ಇಲ್ಲ, ಗೇರಿನ ಕಡ್ಡಿಯನ್ನೇ 'ಎಸ್' ಎಂಬ ಗುರುತಿಗೆ ತಳ್ಳಬೇಕು. ರೈಟ್ರು ಚೋಕ್ ಎಳೆದು ತಳ್ಳಿದರು. ಒಂದು ಕೆಮ್ಮು, ಒಂದು ಸೀನು, ಆಮೇಲೆ ಫೋನಿನ ಸ್ಪೀಕರ್ ಹರಿದುಹೋಗುವಂಥ ಸದ್ದು. ಪಕ್ಕದ ಕೋಣೆಯ ಬಿಹಾರದ ಹುಡುಗ ಗಾಬರಿಯಾಗಿ ಬಾಗಿಲು ಬಡಿದ.

ಸೀನಿಯರಣ್ಣ ನಮ್ಮತ್ತ ತಿರುಗಿ, "ನೋಡಿದ್ರಾ? ಕಾನ್ಸೆಪ್ಟ್ ಕ್ಲಿಯರ್ ಇರ್ಬೇಕು" ಎಂದ.

ಆ ಗದ್ದಲದಲ್ಲೇ ಅಪ್ಪ ಮತ್ತೆ ಪರದೆಗೆ ಬಂದರು. ಎರಡು ಬೆರಳ ನಡುವೆ ಒಂದು ಪುಟ್ಟ ಹಿತ್ತಾಳೆ ಸ್ಕ್ರೂ. "ತಟ್ಟೇಲಿ ಇದೊಂದ್ ಉಳ್ಕಂತಲ್ಲಾ ಮಗ. ಇದ್ಯಾವುದ್ಲಾ?"

"ಅದಾ? ಅದು ಆಪ್ಷನಲ್ಲು ಅಪ್ಪಾಜಿ."