ಕೋಡಂಗಿಯ ಖಾತೆ

ಕೈಗಡ ಕೊಟ್ಟಾಗ ದುಡ್ಡೊಂದೇ ಕೈ ಬದಲಾಯಿಸುವುದಿಲ್ಲ. ಅಲ್ಲಿಯವರೆಗೆ ಕೇಳುವವನ ಹತ್ತಿರ ಇದ್ದ ಸಂಕೋಚವೂ ಅದೇ ಗಳಿಗೆಯಲ್ಲಿ ಕೊಟ್ಟವನ ಪಾಲಿಗೆ ಬಂದುಬಿಡುತ್ತದೆ. ಕೇಳಲು ಬಂದಾಗ ಅವನು ಕುರ್ಚಿಯ ತುದಿಯಲ್ಲಿ ಕೂತಿರುತ್ತಾನೆ. ಕಾಫಿ ಬೇಡ ಅನ್ನುತ್ತಾನೆ. ಫ್ಯಾನು, ಕ್ಯಾಲೆಂಡರು, ಗೋಡೆಯ ಮೇಲಿನ ನಮ್ಮ ತಾತನ ಫೋಟೋ ಎಲ್ಲವನ್ನೂ ನೋಡಿ ಮುಗಿಸಿ ಆಮೇಲೆ ವಿಷಯಕ್ಕೆ ಬರುತ್ತಾನೆ. ದುಡ್ಡು ಹೋದ ಮೇಲೆ ಕುರ್ಚಿಯ ತುದಿಗೆ ಸರಿಯುವವರು ನಾವು. ‘ಕೊಟ್ಟವನು ಕೋಡಂಗಿ, ಇಸ್ಕೊಂಡವನು ವೀರಭದ್ರ’ ಎಂಬ ಗಾದೆ ಕಟ್ಟಿದ ಹಿರಿಯನಿಗೂ ಎಲ್ಲೋ ಒಂದಷ್ಟು ಬಾಕಿ ಬರಬೇಕಿತ್ತು ಅಂತ ಕಾಣುತ್ತದೆ.

ಈ ವಿಷಯದಲ್ಲಿ ಬಾಯಿ ಬಿಡಲು ನನಗೆ ಕೊಂಚ ಅಧಿಕಾರವಿದೆ. ನಾನು ಬ್ಯಾಂಕಿನಿಂದ ನಿವೃತ್ತನಾದವನು. ಸರ್ವೀಸಿನ ಬಹುಪಾಲು ಕಳೆದದ್ದು ಸಾಲ ವಸೂಲಾತಿಯಲ್ಲೇ. ಮಂಡ್ಯ ಸೀಮೆಯಲ್ಲಿ ಕಬ್ಬಿನ ಬಿಲ್ಲು ಬಟವಾಡೆಯಾಗುವ ವಾರ ನೋಡಿಕೊಂಡು ಹಳ್ಳಿಗೆ ಹೊರಡುವುದು, ಸಾಲಗಾರನ ಮನೆ ದಾಟಿ ಹೋಗಿ ಬೇಕೆಂದೇ ಜಾಮೀನುದಾರನ ಬಾಗಿಲಲ್ಲಿ ಜೀಪು ನಿಲ್ಲಿಸುವುದು, ‘ನೀರು ಕೊಡಿ’ ಅಂತ ಮಾತ್ರ ಕೇಳಿ ಸುಮ್ಮನೆ ಕೂರುವುದು, ಇವೆಲ್ಲ ನನಗೆ ನೀರು ಕುಡಿದಷ್ಟು ಸಲೀಸು. ಜಾಮೀನು ಹಾಕಿದವನು ಅರ್ಧ ಗಂಟೆಯೊಳಗೆ ಸಾಲಗಾರನನ್ನು ಗದ್ದೆಯಲ್ಲಿದ್ದರೂ ಸರಿ, ಬೀಗರ ಮನೆಯಲ್ಲಿದ್ದರೂ ಸರಿ, ಹಿಡಿದು ತರುತ್ತಿದ್ದ. ಟ್ರ್ಯಾಕ್ಟರು, ಪಂಪ್‌ಸೆಟ್ಟು, ಸೀಮೆಹಸು ಎಲ್ಲದರ ಸಾಲವನ್ನೂ ಬಡ್ಡಿ ಸಮೇತ ಎಬ್ಬಿಸಿಕೊಂಡು ಬಂದವನಿಗೆ, ಒಂದೇ ಬೆಂಚಿನಲ್ಲಿ ಕೂತು ಓದಿದ ಗೆಳೆಯನಿಗೆ ಕೊಟ್ಟ 50,000 ರೂಪಾಯಿ ಮಾತ್ರ ದಕ್ಕುತ್ತಿಲ್ಲ.

ಹೆಸರು ಬೇಡ. ಬ್ಯಾಂಕಿನಲ್ಲಿ ಸಾಲ ತಗೊಂಡವರನ್ನು ‘ಪಾರ್ಟಿ’ ಅನ್ನುತ್ತಿದ್ದೆವು. ಇಲ್ಲೂ ಪಾರ್ಟಿ ಎಂದೇ ಇಟ್ಟುಕೊಳ್ಳೋಣ. ಪಾರ್ಟಿ ಫೋನು ಮಾಡಿದ್ದು ಸಬ್‌ರಿಜಿಸ್ಟ್ರಾರ್ ಆಫೀಸಿನಿಂದ. “ಸೈಟು ರಿಜಿಸ್ಟ್ರೇಷನ್ ಕಣೋ, ಐವತ್ತು ಸಾವಿರ ಕಮ್ಮಿ ಬಿತ್ತು, ಕಂಪ್ಯೂಟರ್ ಮುಂದೇನೇ ನಿಂತಿದೀನಿ. ಸೋಮವಾರ ಹಾಕ್ಬಿಡ್ತೀನಿ.” ಸೋಮವಾರ ಎಂದನೇ ಹೊರತು ಯಾವ ಸೋಮವಾರ ಎನ್ನಲಿಲ್ಲ. ಆ ಮಟ್ಟಿಗೆ ಅವನು ಸುಳ್ಳು ಹೇಳಿದ ಅನ್ನುವ ಹಾಗಿಲ್ಲ.

ಬ್ಯಾಂಕಿನಲ್ಲಿ ಲೆಕ್ಕ ಸಲೀಸು. ಕಂತು 90 ದಿನ ಮೀರಿ ನಿಂತರೆ ಸಾಲ ಎನ್‌ಪಿಎ. ಆಮೇಲೆ 12 ತಿಂಗಳು ‘ಸಬ್‌ಸ್ಟ್ಯಾಂಡರ್ಡ್’, ಅದನ್ನೂ ದಾಟಿದರೆ ‘ಡೌಟ್‌ಫುಲ್’, ಕೊನೆಗೆ ‘ಲಾಸ್’. ನನ್ನ ಸಾಲವನ್ನು ಡೌಟ್‌ಫುಲ್ ಅನ್ನುವುದಕ್ಕೂ ಆಗದು. ನನಗೀಗ ಆ ಬಗ್ಗೆ ಯಾವ ಸಂಶಯವೂ ಉಳಿದಿಲ್ಲ.

ಪಾರ್ಟಿ ತಲೆ ತಪ್ಪಿಸಿಕೊಂಡು ಓಡಾಡುತ್ತಾನೆ ಎಂದು ನೀವು ಭಾವಿಸಿದ್ದರೆ ಕೈಗಡದ ಅನುಭವ ನಿಮಗೆ ಕಮ್ಮಿ. ತಲೆ ತಪ್ಪಿಸಿಕೊಳ್ಳುವವನು ನಾನು. ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಇಬ್ಬರೂ ಬೆಳಗ್ಗೆ ವಾಕಿಂಗ್ ಹೋಗುತ್ತೇವೆ. ದೂರದಲ್ಲಿ ಅವನ ಕೆಂಪು ಟೋಪಿ ಕಂಡರೆ ಸಾಕು, ನನಗೆ ಹಕ್ಕಿಗಳ ಮೇಲೆ ಅಪಾರ ಆಸಕ್ತಿ ಹುಟ್ಟುತ್ತದೆ. ಕೆರೆಯ ಕಡೆ ತಿರುಗಿ ಹೆಜ್ಜಾರ್ಲೆಗಳನ್ನು ನೋಡುತ್ತ ನಿಂತುಬಿಡುತ್ತೇನೆ. ಆ ಹಕ್ಕಿಯ ಕೊಕ್ಕಿನ ಕೆಳಗಿನ ಚೀಲ, ಮೀನು ನುಂಗುವ ವೈಖರಿ ಎಲ್ಲ ಈಗ ನನಗೆ ಬಾಯಿಪಾಠ. ಅವನು ಹಿಂದಿನಿಂದ ಬಂದು ಬೆನ್ನಿಗೆ ಗುದ್ದಿ, “ಏನ್ ಸಾಹುಕಾರ್ರು, ಕಾಣಿಸೋದೇ ಇಲ್ವಲ್ಲ! ಏನಾರ ತೊಂದ್ರೇನಾ? ಮುಚ್ಚಿಡಬೇಡ, ಹೇಳು” ಅನ್ನುತ್ತಾನೆ. ಅಂತಃಕರಣ ಅಂದರೆ ಅದು. ‘ತೊಂದರೆ ನೀನೇ’ ಅನ್ನಲು ನಾಲಿಗೆ ಏಳುವುದಿಲ್ಲ. “ಶುಗರ್ ಸ್ವಲ್ಪ ಜಾಸ್ತಿ” ಅನ್ನುತ್ತೇನೆ. ಮೆಂತ್ಯೆ ನೆನೆಹಾಕಿ ಕುಡಿಯಲು ಹೇಳಿ ಅವನು ಮುಂದೆ ಹೋಗುತ್ತಾನೆ.

ಸಾಲದ ಮೇಲೆ ಸರ್ವಜ್ಞ ಹೇಳಿದ ತ್ರಿಪದಿಯನ್ನು ಶಾಲೆಗೆ ಹೋದ ಕನ್ನಡಿಗರೆಲ್ಲ ಬಲ್ಲರು. ಅದರಲ್ಲಿ ನೋವೆಲ್ಲ ತಗೊಂಡವನಿಗೆ. ಕೊಟ್ಟವನು ಬಂದು ಎಳೆಯುತ್ತಾನೆ. ಸರ್ವಜ್ಞನಿಗೆ ಯಾರೂ ಕೈಗಡ ಕೇಳಿರಲಿಕ್ಕಿಲ್ಲ. ಕೈಯಲ್ಲಿ ಕಪ್ಪರ ಹಿಡಿದು ಊರೂರು ತಿರುಗುವವನನ್ನು ಕೇಳುವವರಾದರೂ ಯಾರು? ಪಿಂಚಣಿ ಬರುವ ಮನುಷ್ಯನಾಗಿದ್ದರೆ ಅವನು ಕೊಟ್ಟವನ ಸೊಂಟದ ಬಗ್ಗೆಯೂ ಒಂದು ತ್ರಿಪದಿ ಬಿಟ್ಟುಹೋಗುತ್ತಿದ್ದ.

ಏರಿಯ ಮೇಲೇ ಯಾಕೆ ಕೇಳಬಾರದು ಎಂದು ನಮ್ಮನೆಯವಳ ಪ್ರಶ್ನೆ. ಅದಕ್ಕೂ ನನ್ನ ಹತ್ತಿರ ಉತ್ತರವಿದೆ. ವಸೂಲಾತಿ ಏಜೆಂಟರು ಬೆಳಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಸಾಲಗಾರರಿಗೆ ಫೋನು ಮಾಡಿ ಪೀಡಿಸಕೂಡದು ಎಂದು ರಿಸರ್ವ್ ಬ್ಯಾಂಕ್ 2022ರಲ್ಲಿ ಕಟ್ಟುನಿಟ್ಟು ಮಾಡಿದೆ. ನಾವು ಸಿಗುವುದು ಆರೂವರೆಗೆ. “ಆ ರೂಲು ಏಜೆಂಟರಿಗೆ ರೀ, ನಿಮಗಲ್ಲ” ಎಂದಳು. ಕಾನೂನನ್ನು ಕೆಲವರು ಬಾಯಲ್ಲಿ ಪಾಲಿಸುತ್ತಾರೆ, ನನಗದು ರಕ್ತದಲ್ಲೇ ಇದೆ ಎಂದೆ. ಅವಳು ನಂಬಲಿಲ್ಲ.

ಆ ಸೈಟಿನಲ್ಲಿ ಮನೆಯೂ ಎದ್ದಿತು. ಗೃಹಪ್ರವೇಶಕ್ಕೆ ದಂಪತಿ ಸಮೇತ ಬಂದು ಕರೆದರು. ಹೋಗದಿದ್ದರೆ ದುಡ್ಡಿಗೋಸ್ಕರ ಮುನಿಸು ಅಂದುಕೊಂಡಾರು ಎಂಬ ಭಯ ನನಗೆ, ಹೋದೆವು. ಪಾರ್ಟಿ ನನ್ನ ಕೈ ಹಿಡಿದು ಮನೆಯೆಲ್ಲ ತೋರಿಸಿದ. ಸಾಗವಾನಿ ಬಾಗಿಲು, ಪೂಜಾಮಂದಿರದ ಕೆತ್ತನೆ, ಅಡುಗೆಮನೆಯ ಕಪ್ಪು ಗ್ರಾನೈಟು. “ಈ ಗ್ರಾನೈಟು ನೋಡು, ಹತ್ತಿರತ್ತಿರ ಐವತ್ತಾಯ್ತು” ಎಂದ. ಆ ಕ್ಷಣದಿಂದ ಆ ಕಟ್ಟೆಯ ಮೇಲೆ ನನಗೊಂದು ಮಮತೆ. ಯಾರೋ ಹೆಂಗಸು ಅದರ ಮೇಲೆ ಬಿಸಿ ಬೋಗುಣಿ ಇಟ್ಟಾಗ, “ಅಮ್ಮಾ, ಕೆಳಗೆ ಏನಾದ್ರೂ ಹಾಕಿ, ಕಲೆ ಆಗತ್ತೆ” ಎಂದು ನನಗರಿಯದೆ ಅಂದುಬಿಟ್ಟೆ. ನಿಮ್ಮ ಸ್ನೇಹ ಎಷ್ಟು ದೊಡ್ಡದು ಎಂದು ಆಕೆ ಮೆಚ್ಚಿಕೊಂಡರು.

ಹೊರಗೆ ಬರುವಾಗ ಬಾಗಿಲ ಬಳಿ ಪಾರ್ಟಿಯ ಭಾವಮೈದ ನೋಟ್‌ಬುಕ್ ಇಟ್ಟುಕೊಂಡು ಮುಯ್ಯಿ ಬರೆಯುತ್ತಿದ್ದ. ನಾವು 501 ರೂಪಾಯಿಯ ಕವರು ಕೊಟ್ಟೆವು. ನನ್ನ ಹೆಸರು, ಬಡಾವಣೆ, ಮೊತ್ತ, ಮೂರನ್ನೂ ದುಂಡಗೆ ಬರೆದುಕೊಂಡ. ನಮ್ಮ ಜನರ ಈ ವ್ಯವಸ್ಥೆ ನನಗೆ ಇವತ್ತಿಗೂ ವಿಸ್ಮಯ. ಮುಯ್ಯಿ ಅಂದರೆ ಬಾಯಿಬಿಟ್ಟು ಹೇಳದ ಸಾಲವೇ. ನಾಳೆ ನಮ್ಮ ಮನೆಯಲ್ಲಿ ಮದುವೆಯೋ ನಾಮಕರಣವೋ ಆದರೆ ಆ ನೋಟ್‌ಬುಕ್ ಅಟ್ಟದಿಂದ ಇಳಿಯುತ್ತದೆ, ನಮ್ಮ ಹೆಸರು ಹುಡುಕುತ್ತಾರೆ, 501ಕ್ಕೆ ಮೇಲೊಂದಿಷ್ಟು ಸೇರಿಸಿ ತಂದು ಕೊಡುತ್ತಾರೆ. ಇಪ್ಪತ್ತು ವರ್ಷ ಕಳೆದರೂ ತಪ್ಪುವುದಿಲ್ಲ. ತಪ್ಪಿದರೆ ಮರ್ಯಾದೆ ಹೋಗುತ್ತದೆ. ಪ್ರೋನೋಟಿಲ್ಲ, ರೆವಿನ್ಯೂ ಸ್ಟಾಂಪಿಲ್ಲ, ಜಾಮೀನುದಾರನಿಲ್ಲ, ವಸೂಲಾತಿ ಮಾತ್ರ ಚಾಚೂ ತಪ್ಪದು. ಐನೂರಕ್ಕೆ ಪುಸ್ತಕವಿಟ್ಟ ಜನ ಐವತ್ತು ಸಾವಿರಕ್ಕೆ ಒಂದು ಚೀಟಿಯನ್ನೂ ಬರೆಯುವುದಿಲ್ಲ. ಅವತ್ತೇ ನೋಟ್‌ಬುಕ್ಕಿನಲ್ಲಿ 501ರ ಕೆಳಗೆ ‘ಹಳೇದು 50,000’ ಎಂದು ಒಂದು ಸಾಲು ಬರೆಸಿಬಿಡುವ ಆಸೆಯಾಗಿತ್ತು. ನಮ್ಮನೆಯವಳು ತೋಳು ಚಿವುಟಿದಳು.

ಕಡೆಗೆ ಪರಿಚಯದ ವಕೀಲರೊಬ್ಬರನ್ನು ಕಂಡೆ. ಅವರು ಕನ್ನಡಕ ಏರಿಸಿ, “ಕಾಗದ ಏನಿದೆ ಸಾರ್?” ಎಂದರು. ಬ್ಯಾಂಕ್ ಸ್ಟೇಟ್‌ಮೆಂಟಿದೆ ಎಂದೆ. ಬಾಯಿಮಾತಿನ ಸಾಲವೂ ಸಾಲವೇ, ಖಾತೆಯಿಂದ ಹೋದದ್ದು ಒಳ್ಳೆಯ ಸಾಕ್ಷಿ, ಆದರೆ 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಕೊಟ್ಟ ದಿನದಿಂದ 3 ವರ್ಷದೊಳಗೆ ದಾವಾ ಹೂಡಬೇಕು ಎಂದರು. ಆ ಗಡುವಿನೊಳಗೆ ‘ಹೌದು, ಇಷ್ಟು ಕೊಡಬೇಕಾಗಿದೆ’ ಎಂದು ಅವನು ಬರೆದು ಸಹಿ ಮಾಡಿದರೆ ಅಲ್ಲಿಂದ ಮತ್ತೆ 3 ವರ್ಷ. ಬಡ್ಡಿ ಅಂತ ಏನಾದರೂ ಕೊಟ್ಟಿದ್ದರೂ ಲಾಭವೇ ಎಂದರು.

ನನಗೆ ಥಟ್ಟನೆ ನೆನಪಾದದ್ದು ಅವರೆಕಾಯಿ. ಮಾರ್ಗಶಿರದ ಚಳಿ ಶುರುವಾದರೆ ಪಾರ್ಟಿ ತನ್ನ ಊರಿಂದ ಸೊಗಡಿನ ಅವರೆಕಾಯಿ ಚೀಲ ತಂದು ನಮ್ಮ ಜಗಲಿಯಲ್ಲಿ ಇಳಿಸುತ್ತಾನೆ. ಬೇಸಿಗೆಯಲ್ಲಿ ಬಾದಾಮಿ ಮಾವು, ನಡುನಡುವೆ ಎಳನೀರು. ಹಿತಕಿದ ಬೇಳೆ ಸಾರು ಉಣ್ಣುತ್ತ ಕೂತವನು ಅದನ್ನು ತಂದವನ ಹತ್ತಿರ ಅಸಲು ಕೇಳುವುದು ಹೇಗೆ? ವಕೀಲರಿಗೆ ಇದನ್ನೆಲ್ಲ ವಿವರಿಸಿದೆ. ಅವರು ಗಂಭೀರವಾಗಿಯೇ ಕೇಳಿದರು: “ಈ ಅವರೆಕಾಯಿ ಬಡ್ಡಿಯ ಬಾಬ್ತು ಅಂತ ಬರೆದು ಸಹಿ ಹಾಕಿ ಕೊಟ್ಟಿದಾರಾ?” ಇಲ್ಲ ಎಂದೆ. “ಹಾಗಾದರೆ ಅದು ಬರೀ ಅವರೆಕಾಯಿ” ಎಂದು ಫೈಲು ಮುಚ್ಚಿದರು. ಚೆಕ್ಕಾದರೂ ಇಸಿದುಕೊಂಡಿದ್ದರೆ, ಅದು ಬೌನ್ಸಾಗಿದ್ದರೆ, 138ನೇ ಸೆಕ್ಷನ್ನಿನಲ್ಲಿ 2 ವರ್ಷದವರೆಗೂ ಜೈಲು ತೋರಿಸಬಹುದಿತ್ತು ಎಂಬ ಅವರ ಕೊರಗು ಬೇರೆ. ಒಂದೇ ಬೆಂಚಿನಲ್ಲಿ ಕೂತವನನ್ನು ಜೈಲಿಗೆ ಕಳಿಸಿದರೆ ಅವರೆಕಾಯಿ ಯಾರು ತರುತ್ತಾರೆ ಎಂಬುದನ್ನು ವಕೀಲರು ಯೋಚಿಸಿದಂತೆ ಕಾಣಲಿಲ್ಲ.

ಬರಹದಲ್ಲಿ ಒಪ್ಪಿಗೆ ಪಡೆಯಲು ನಾನೂ ಹೊರಟೆ. “ಆ ಹಳೇ ಲೆಕ್ಕ ಒಂದಿತ್ತಲ್ಲ, ನೆನಪಿದೆಯಾ?” ಎಂದು ವಾಟ್ಸ್‌ಆ್ಯಪಿನಲ್ಲಿ ಕೇಳಿದೆ. ಕೈಮುಗಿದ ಚಿತ್ರವೊಂದು ಬಂತು. ಅದು ಒಪ್ಪಿಗೆಯೋ, ಕ್ಷಮೆಯೋ, ಬೀಳ್ಕೊಡುಗೆಯೋ ತಿಳಿಯಲಿಲ್ಲ. ಮರುದಿನ ಗುರುವಾರ, ಮಂತ್ರಾಲಯದ ಬೃಂದಾವನದ ಚಿತ್ರದೊಂದಿಗೆ ಶುಭೋದಯ ಬಂತು. ರಾಯರನ್ನು ಮುಂದಿಟ್ಟುಕೊಂಡವನ ಜೊತೆ ವ್ಯವಹಾರ ಮಾತಾಡಲಾದೀತೆ?

ಮುಖ ಕೊಟ್ಟು ಕೇಳಲಾಗದವರಿಗೆಂದೇ ಫೋನಿನಲ್ಲಿ ಒಂದು ಉಪಾಯವಿತ್ತು. ಯುಪಿಐನಲ್ಲಿ ‘ಇಷ್ಟು ಹಣ ಕಳಿಸಿ’ ಎಂದು ಒಂದು ಕೋರಿಕೆ ಒತ್ತಿದರೆ ಎದುರಿನವನ ಫೋನು ತಾನೇ ಗುಣುಗುಟ್ಟುತ್ತಿತ್ತು. ಒಂದು ಸಲಕ್ಕೆ 2,000 ರೂಪಾಯಿ ಮಿತಿ. ಕಂತು ಕಂತಾಗಿ ಕೇಳೋಣವೆಂದು ಧೈರ್ಯ ಕೂಡಿಸಿಕೊಳ್ಳುವಷ್ಟರಲ್ಲಿ, ವಂಚಕರು ಅದನ್ನು ದುರುಪಯೋಗ ಮಾಡಿಕೊಳ್ಳುತ್ತಿದ್ದಾರೆಂದು ವ್ಯಕ್ತಿಯಿಂದ ವ್ಯಕ್ತಿಗೆ ಹೋಗುವ ಆ ಕೋರಿಕೆಯನ್ನೇ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿಬಿಟ್ಟರು. ಈಗ ಫೋನಿನಲ್ಲಿ ಗೆಳೆಯರಿಗೆ ದುಡ್ಡು ಕೊಡಬಹುದು, ಕೇಳುವ ಹಾಗಿಲ್ಲ. ದೇಶದ ಪಾವತಿ ವ್ಯವಸ್ಥೆಯೇ ವೀರಭದ್ರನ ಪಕ್ಷ ಸೇರಿದ ಮೇಲೆ ಕೋಡಂಗಿ ಏನು ಮಾಡಿಯಾನು?

ತೊಂಬತ್ತರ ದಶಕದಲ್ಲಿ ಬೆಂಗಳೂರು ಸುತ್ತಮುತ್ತ ಮನೆಮನೆಯ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿರುತ್ತಿದ್ದುದು ನಿಮಗೆ ನೆನಪಿರಬಹುದು. ರಾತ್ರಿ ದೆವ್ವ ಬಂದು ಬಾಗಿಲು ತಟ್ಟುತ್ತದೆ, ಬರಹ ಓದಿ ಹಿಂದಕ್ಕೆ ಹೋಗುತ್ತದೆ, ಮರುರಾತ್ರಿ ಬಂದು ಮತ್ತೆ ಅದನ್ನೇ ಓದುತ್ತದೆ ಎಂಬ ಪುಕಾರು. ಇಷ್ಟು ಸಾಧು ದೆವ್ವ ಯಾವುದಿರಬಹುದು ಎಂದು ಆಗ ಹೊಳೆದಿರಲಿಲ್ಲ. ಅಕ್ಷರ ಬಲ್ಲದ್ದು, ಹೇಳಿದ ಮಾತು ನಂಬುವಂಥದ್ದು, ದಿನಾ ಬಾಗಿಲಿಗೆ ಬಂದರೂ ಒಳಗೆ ನುಗ್ಗಲು ದಾಕ್ಷಿಣ್ಯಪಡುವಂಥದ್ದು. ಕೈಗಡ ಕೊಟ್ಟು ವಸೂಲಾಗದೆ ಸತ್ತ ಯಾವನೋ ಪುಣ್ಯಾತ್ಮನೇ ಅದು, ಅನುಮಾನವೇ ಬೇಡ.

ಹೆಂಗಸರಲ್ಲಿ ಈ ರೋಗವಿಲ್ಲ. ನಮ್ಮನೆಯವಳು ಚೀಟಿಯ ದುಡ್ಡಿನಲ್ಲಿ ಎದುರುಮನೆಯವರಿಗೆ ಎರಡು ಸಾವಿರ ಕೊಟ್ಟಿದ್ದಳು. ಯಾರದೋ ಮನೆಯ ಅರಿಶಿನ ಕುಂಕುಮಕ್ಕೆ ಎಲ್ಲರೂ ಸೇರಿದ್ದಾಗ, ಬಾಗಿನ ತಗೊಳ್ಳುತ್ತಲೇ, “ರೀ, ಆ ಎರಡು ಸಾವಿರ ಇದ್ರೆ ಈಗ್ಲೇ ಕೊಟ್ಬಿಡಿ, ಸಾಯಂಕಾಲ ಗ್ಯಾಸಿನವ್ನು ಬರ್ತಾನೆ” ಎಂದಳಂತೆ. ಗ್ಯಾಸಿನವನು ಬರುವುದಿರಲಿಲ್ಲ. ದುಡ್ಡು ಬಂತು. ನಾನು ಇಷ್ಟು ವರ್ಷದ ಸರ್ವೀಸಿನಲ್ಲಿ ಕಲಿತ ಜಾಮೀನುದಾರನ ಮನೆ ತಂತ್ರವನ್ನು ಅವಳು ಒಂದು ತಟ್ಟೆ ಅರಿಶಿನ ಕುಂಕುಮದಲ್ಲಿ ಮಾಡಿ ಮುಗಿಸಿದ್ದಳು.

ಹೋದ ವಾರ ಪಾರ್ಟಿ ಮನೆಗೇ ಬಂದ. ಕುರ್ಚಿಯ ತುದಿಯಲ್ಲಿ ಕೂತ, ಕಾಫಿ ಬೇಡ ಎಂದ. ನನ್ನ ಎದೆ ಹಾರಿತು, ತಂದಿದ್ದಾನೆ ಅಂದುಕೊಂಡೆ. “ನಿನ್ನ ಐವತ್ತು ನನ್ನ ತಲೇಲಿ ಕೊರೀತಾನೇ ಇದೆ ಕಣೋ. ಇನ್ನೊಂದಿಪ್ಪತ್ತೈದು ಕೊಟ್ಟಿರು, ಮೇಲ್ಗಡೆ ಮನೆ ಮುಗಿಸಿ ಬಾಡಿಗೆಗೆ ಕೊಟ್ಟರೆ ಅಡ್ವಾನ್ಸ್ ಬರತ್ತೆ, ಎರಡೂ ಸೇರಿಸಿ ಎಪ್ಪತ್ತೈದು ರೌಂಡಾಗಿ ಕೊಟ್ಬಿಡ್ತೀನಿ” ಎಂದ. ಹಳೆಯ ಸಾಲ ತೀರಲೆಂದು ಹೊಸ ಸಾಲ ಕೊಡುವುದಕ್ಕೆ ಬ್ಯಾಂಕಿನಲ್ಲಿ ‘ಎವರ್‌ಗ್ರೀನಿಂಗ್’ ಅನ್ನುತ್ತೇವೆ. ಇನ್‌ಸ್ಪೆಕ್ಷನ್ನಿಗೆ ಬಂದವರು ಕಂಡುಹಿಡಿದರೆ ಮ್ಯಾನೇಜರಿಗೆ ಚಾರ್ಜ್‌ಶೀಟು. ನಾನಿನ್ನೂ ತಡವರಿಸುತ್ತಿದ್ದೆ. ಅಡುಗೆಮನೆಯಿಂದ ಇನ್‌ಸ್ಪೆಕ್ಷನ್ ಬಂದೇಬಿಟ್ಟಿತು. “ಇವತ್ತು ಆಗಲ್ಲ ಅಣ್ಣ, ನಾಳೆ ಬನ್ನಿ” ಎಂದಳು ನಮ್ಮನೆಯವಳು, ನಗುನಗುತ್ತಲೇ. ಅವನು ಮೆಂತ್ಯೆ ಕುಡಿಯಲು ಇನ್ನೊಮ್ಮೆ ಹೇಳಿ ಹೊರಟ.

ಓದುಗರಲ್ಲಿ ನನ್ನದೊಂದು ವಿನಂತಿ. ಇದು ಅಚ್ಚಾದರೆ ಸಂಪಾದಕರು ನನಗೆ ಒಂದಿಷ್ಟು ಸಂಭಾವನೆ ಕಳಿಸುತ್ತಾರೆ. ಕೆಂಪು ಟೋಪಿಯವನು ಎಲ್ಲಾದರೂ ಸಿಕ್ಕರೆ, ಪ್ರಬಂಧದ ವಿಷಯ ಬೇಕಾದರೆ ಧಾರಾಳವಾಗಿ ಹೇಳಿ, ಸಂಭಾವನೆಯ ವಿಷಯ ಮಾತ್ರ ದಯವಿಟ್ಟು ಎತ್ತಬೇಡಿ.