ಗೊರಗೊರ ಶಮನ ಶಾಸ್ತ್ರ

ಗಣಕಯಂತ್ರ ಚಾಲೂ ಆದೊಡನೆ ಅದೇ ಮನೆಯ ರೇಡಿಯೊದಲ್ಲಿ ಹುಟ್ಟುವ, ಯಾವ ಆಕಾಶವಾಣಿ ಕೇಂದ್ರವೂ ಪ್ರಸಾರ ಮಾಡದ, ಯಾವ ಕೇಳುಗರೂ ಕೋರಿಕೆ ಕಳಿಸದ ಸದ್ದಿಗೆ ಗೊರಗೊರ ಎಂದು ಹೆಸರು. ಈ ಲಕ್ಷಣದಲ್ಲಿ ಒಂದು ಪದವನ್ನೂ ತೆಗೆಯುವಂತಿಲ್ಲ. ‘ಗಣಕಯಂತ್ರ ಚಾಲೂ ಆದೊಡನೆ’ ಎಂಬುದನ್ನು ಬಿಟ್ಟರೆ ಅತಿವ್ಯಾಪ್ತಿ ದೋಷ ಬಂದು, ಮಿಕ್ಸಿ, ಸೊಳ್ಳೆ ಬ್ಯಾಟು, ಟ್ಯೂಬ್‌ಲೈಟಿನ ಸ್ಟಾರ್ಟರು ಎಲ್ಲವೂ ಗಣಕಗಳೆಂದೇ ಸಿದ್ಧವಾಗಿಬಿಡುತ್ತವೆ. ‘ಅದೇ ಮನೆಯ’ ಎಂಬುದನ್ನು ಬಿಟ್ಟರೆ ಪಕ್ಕದ ಮನೆಯ ಗಣಕವೂ ಸೇರಿಕೊಳ್ಳುತ್ತದೆ. ಅದರಿಂದ ಹುಟ್ಟುವ ಸದ್ದಿಗೆ ಲೋಕದಲ್ಲಿ ಜಗಳವೆಂದು ಬೇರೆಯೇ ಹೆಸರಿದೆ.

ಈ ಶಾಸ್ತ್ರಕ್ಕೆ ಅಧಿಕಾರಿ ಯಾರು? ಬೆಳಗಿನ ಪ್ರದೇಶ ಸಮಾಚಾರ ತಪ್ಪಿಸದ ಒಬ್ಬ ಅಜ್ಜ, ಅದೇ ಹೊತ್ತಿಗೆ ಗಣಕದ ಮುಂದೆ ಕೂರುವ ಒಬ್ಬ ಮೊಮ್ಮಗ, ಇಬ್ಬರಿಗೂ ಸೇರಿ ಒಂದೇ ಸ್ವಿಚ್ ಬೋರ್ಡು – ಈ ಮೂರೂ ಕೂಡಿದ ಮನೆಯ ಯಜಮಾನನೇ ಅಧಿಕಾರಿ. ರೇಡಿಯೊ, ಗಣಕ ಇವೆರಡರಲ್ಲಿ ಹಿರಿತನ ಯಾವುದರದೆಂಬ ಪ್ರಶ್ನೆ ಪ್ರತಿ ಮನೆಯಲ್ಲೂ ಏಳುತ್ತದೆ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ರೇಡಿಯೊ ಪ್ರಸಾರ ಶುರುಮಾಡಿದ್ದು 1935ರಲ್ಲಿ. ಆಗ ಯಾರ ಮನೆಯಲ್ಲೂ ಗಣಕವಿರಲಿಲ್ಲ. ಆದ್ದರಿಂದ ರೇಡಿಯೊವೇ ಹಿರಿಯ. ಕನ್ನಡ ನಾಡಿನಲ್ಲಿ ಈ ವಿದ್ಯೆ ಮನಶ್ಶಾಸ್ತ್ರಜ್ಞರ ಮನೆಯಲ್ಲಿ ಹುಟ್ಟಿದ್ದು ಮುಂದೆ ಬರುವ ಗೃಹಕಲಹಗಳ ದೃಷ್ಟಿಯಿಂದ ಯೋಗ್ಯವೇ ಆಗಿದೆ.

ಸದ್ದಿನ ಪ್ರಭೇದಗಳನ್ನು ಗುರುತಿಸುವುದಕ್ಕೆ ಕನ್ನಡದ ಅನುಕರಣ ಶಬ್ದಗಳಷ್ಟು ಒಳ್ಳೆಯ ಉಪಕರಣ ಮತ್ತೊಂದಿಲ್ಲ. ಇಂಗ್ಲಿಷಿನ ಗ್ರಂಥಗಳು ಎಲ್ಲವನ್ನೂ ನಾಯ್ಸ್ ಎಂಬ ಒಂದೇ ಗೋಣಿಗೆ ತುಂಬಿಬಿಡುತ್ತವೆ. ಕನ್ನಡದ ಕಿವಿಗೆ ಒಂದೊಂದರ ಕುಲಗೋತ್ರವೂ ಬೇರೆ. ‘ಗುಂಯ್’ ಎಂಬುದು ಕರೆಂಟಿನ ಸಂತಾನ: 50 ಹರ್ಟ್ಸಿನ ವಿದ್ಯುತ್ತನ್ನು ಡಯೋಡುಗಳು ಏಕಮುಖ ಮಾಡುವಾಗ ಸೆಕೆಂಡಿಗೆ 100 ಬಾರಿ ಬರುವ ಉಬ್ಬು ಅದು. ‘ಕುಂಯ್ಯ್’ ಎಂದು ಎಳೆದಂತೆ ಕೇಳಿದರೆ ಗಣಕದ ಯಾವುದೋ ಆವರ್ತನ ಕೇಂದ್ರದ ಆವರ್ತನದ ಪಕ್ಕದಲ್ಲೇ ಬಂದು ಕೂತಿದೆಯೆಂದು ತಿಳಿಯಬೇಕು. ಎರಡರ ನಡುವಣ ಅಂತರವೇ ಸಿಳ್ಳಾಗಿ ಕೇಳುತ್ತದೆ. ‘ಚರಚರ’ ಎಂಬುದು ಮೌಸ್ ಅಲುಗಿದಾಗ, ಪರದೆಯ ಮೇಲಿನ ಪುಟ ಸರಿದಾಗ ಏಳುತ್ತದೆ. ಮೊಮ್ಮಗ ಓದುತ್ತಿದ್ದಾನೋ ಆಡುತ್ತಿದ್ದಾನೋ ಎಂಬುದನ್ನು ನಡುಮನೆಯಲ್ಲಿ ಕೂತೇ ಈ ಚರಚರದಿಂದ ಅಳೆಯುವ ಅಜ್ಜಂದಿರಿದ್ದಾರೆ. ಬರೀ ‘ಸರ್ರ್’ ಎನ್ನುವುದು ಎಲ್ಲವೂ ಕೂಡಿದ ಸನ್ನಿಪಾತ.

ರೋಗದ ಮೂಲ ಗಣಕದ ಸ್ವಭಾವದಲ್ಲಿಯೇ ಇದೆ. ಗಣಕಕ್ಕೆ ಗೊತ್ತಿರುವುದು ಒಂದು ಮತ್ತು ಸೊನ್ನೆ ಮಾತ್ರ. ನಡುದಾರಿಯಲ್ಲಿ ತಂಗುವ ಪದ್ಧತಿಯಿಲ್ಲ. ಸೊನ್ನೆಯಿಂದ ಒಂದಕ್ಕೆ ಏರುವುದು ಮೆಟ್ಟಿಲಲ್ಲಿ ಅಲ್ಲ, ಗೋಡೆಯಲ್ಲಿ. ಹೀಗೆ ಕಡಿದಾಗಿ ಏರಿಳಿಯುವ ಚೌಕಾಕಾರದ ಅಲೆ ಒಂಟಿಯಾಗಿ ಇರಲಾರದು. ಫ್ರಾನ್ಸಿನ ಜೋಸೆಫ್ ಫೂರಿಯೇ ಶಾಖದ ಹರಿವಿನ ಬಗ್ಗೆ 1822ರಲ್ಲಿ ಪ್ರಕಟಿಸಿದ ಗ್ರಂಥದ ಗಣಿತವನ್ನು ಇಲ್ಲಿಗೆ ಅನ್ವಯಿಸಿದರೆ, ಸಮ ಅಳತೆಯ ಚೌಕ ಅಲೆಯೊಂದು ತನ್ನ ಮೂರರಷ್ಟು, ಐದರಷ್ಟು, ಏಳರಷ್ಟು ಆವರ್ತನದ ಮರಿಗಳನ್ನು ಬೆನ್ನಿಗೆ ಕಟ್ಟಿಕೊಂಡೇ ತಿರುಗುತ್ತದೆ. ಮೂರನೆಯದರ ಬಲ ಮೂರರಲ್ಲೊಂದು, ಐದನೆಯದರದು ಐದರಲ್ಲೊಂದು. ಏರಿಳಿತದ ಅವಧಿಗಳು ಸಮವಾಗಿಲ್ಲದಿದ್ದರೆ ಎರಡರಷ್ಟು, ನಾಲ್ಕರಷ್ಟಿನವೂ ಹುಟ್ಟುತ್ತವೆ. ಶಾಖದ ಬಗ್ಗೆ ಬರೆದ ಪುಸ್ತಕ ಕೊನೆಗೆ ಮನೆಯೊಳಗಿನ ಬಿಸಿಗೆ ವಿವರಣೆಯಾದುದು ಕಾಕತಾಳೀಯವಿರಬಹುದು.

ಗಣಕದ ಡಬ್ಬಿಯೊಳಗೆ – ಅದನ್ನು ಲೋಕವೆಲ್ಲ ಸಿಪಿಯು ಎಂದು ತಪ್ಪಾಗಿ ಕರೆಯುತ್ತದೆ, ಇರಲಿ – ಮುಖ್ಯ ಅಪರಾಧಿ ಎಸ್‌ಎಂಪಿಎಸ್. ಅದು ಮನೆಯ ಕರೆಂಟನ್ನು ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ಹಾಕಿ ಆರಿಸಿ ಕಡಿಮೆ ವೋಲ್ಟೇಜಿಗೆ ಇಳಿಸುತ್ತದೆ. ಮನೆಯ ಮಗುವೊಂದು ಸ್ವಿಚ್ಚನ್ನು ಹತ್ತು ಬಾರಿ ಹಾಗೆ ಮಾಡಿದರೆ ಬೆನ್ನಿಗೆ ಏಟು ಬೀಳುತ್ತದೆ. ಎಸ್‌ಎಂಪಿಎಸ್ಸಿಗೆ ಆ ಭಯವಿಲ್ಲ. ಅದರ ಆವರ್ತನ 68 ಕಿಲೋಹರ್ಟ್ಸ್ ಆಗಿದ್ದರೆ ಒಂಬತ್ತನೆಯ ಮರಿ ನೆಟ್ಟಗೆ 612ಕ್ಕೆ, ಅಂದರೆ ಬೆಂಗಳೂರು ಆಕಾಶವಾಣಿಯ ಮಧ್ಯಮ ತರಂಗದ ಮೇಲೆ ಬಂದು ಬೀಳುತ್ತದೆ. 85 ಆಗಿದ್ದರೆ ಅದರ ಒಂಬತ್ತನೆಯದು ಧಾರವಾಡದ 765ರ ಮೇಲೆ. ಎರಡರಲ್ಲೂ ಒಂಬತ್ತೇ ಬಂದದ್ದರಿಂದ ನವಗ್ರಹಶಾಂತಿ ಮಾಡಿಸಬೇಕೆಂಬ ಪಕ್ಷವೊಂದುಂಟು. ಅದು ಅಗ್ರಾಹ್ಯ. ಭಾರತವೂ ಸೇರಿದಂತೆ ಏಷ್ಯಾ, ಯುರೋಪು, ಆಫ್ರಿಕಾಗಳಲ್ಲಿ ಮಧ್ಯಮ ತರಂಗದ ಕೇಂದ್ರಗಳನ್ನು ಒಂಬತ್ತೊಂಬತ್ತು ಕಿಲೋಹರ್ಟ್ಸಿನ ಅಂತರದಲ್ಲಿ ಕೂರಿಸಿರುವುದರಿಂದ ಯಾವ ಕೇಂದ್ರವನ್ನು ಒಂಬತ್ತರಿಂದ ಭಾಗಿಸಿದರೂ ಶೇಷ ಉಳಿಯದು, ಅಷ್ಟೆ. ಇದಕ್ಕಿಂತ ಗಮನಾರ್ಹವಾದುದು 51 ಕಿಲೋಹರ್ಟ್ಸಿನ ಎಸ್‌ಎಂಪಿಎಸ್. ಅದರ ಹನ್ನೆರಡನೆಯ ಮರಿ ಬೆಂಗಳೂರನ್ನೂ ಹದಿನೈದನೆಯದು ಧಾರವಾಡವನ್ನೂ ಒಟ್ಟಿಗೆ ಕೆಡಿಸುತ್ತದೆ. 1956ರ ಏಕೀಕರಣದ ಆಶಯವನ್ನು ಇಷ್ಟು ಪಕ್ಷಪಾತವಿಲ್ಲದೆ ಪಾಲಿಸುವ ಯಂತ್ರ ಅಪರೂಪ. ಎಸ್‌ಎಂಪಿಎಸ್ ಬಿಸಿಯಾಗುತ್ತ ಹೋದಂತೆ ಆವರ್ತನ ಕೊಂಚ ಜರುಗುತ್ತದೆ. 68 ಇದ್ದದ್ದು 68.1 ಆದರೆ ಒಂಬತ್ತನೆಯ ಮರಿ 612.9ಕ್ಕೆ ಸರಿದು, 900 ಹರ್ಟ್ಸಿನ ಕುಂಯ್ಯ್ ಶುರುವಾಗುತ್ತದೆ.

ಇಲ್ಲಿ ಪೂರ್ವಪಕ್ಷ: ಗೊರಗೊರ ರೋಗವೇ ಅಲ್ಲ, ಸಂಗೀತ. ಇದಕ್ಕೆ ಪ್ರಮಾಣವೂ ಇದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1975ರಲ್ಲಿ ಹೋಂಬ್ರೂ ಕಂಪ್ಯೂಟರ್ ಕ್ಲಬ್ಬಿನ ಸಭೆಗೆ ಸ್ಟೀವ್ ಡಾಂಪಿಯರ್ ಎಂಬಾತ ತನ್ನ ಆಲ್ಟೇರ್ 8800 ಹೊತ್ತು ತಂದ. ಆ ಗಣಕಕ್ಕೆ ಪರದೆಯಿಲ್ಲ, ಕೀಲಿಮಣೆಯಿಲ್ಲ, ಸ್ಪೀಕರಂತೂ ಇಲ್ಲವೇ ಇಲ್ಲ. ಮುಂಬದಿಯ ಸ್ವಿಚ್ಚುಗಳನ್ನು ಒಂದೊಂದಾಗಿ ಮೇಲೆ ಕೆಳಗೆ ಮಾಡಿ ಅವನು ಪ್ರೋಗ್ರಾಮನ್ನು ತುಂಬಿಸಿದ. ಹತ್ತಿರದಲ್ಲಿಟ್ಟ ಸಣ್ಣ ರೇಡಿಯೊದಿಂದ ಬೀಟಲ್ಸರ ‘ಫೂಲ್ ಆನ್ ದ ಹಿಲ್’ ರಾಗ ಹೊರಟಿತು. ಗೊರಗೊರವನ್ನೇ ಅಳೆದು ತೂಗಿ ಸ್ವರವಾಗಿಸಿದ್ದ. ಬಳಿಕ ‘ಡೈಸಿ’ ಎಂಬ ಹಳೆಯ ಹಾಡೂ ಆಯಿತು. ಸಭೆ ಎದ್ದು ಚಪ್ಪಾಳೆ ತಟ್ಟಿತೆಂಬುದು ನಿಜವಾದರೂ ಪೂರ್ವಪಕ್ಷ ನಿಲ್ಲುವುದಿಲ್ಲ. ಆ ಸಭೆಯಲ್ಲಿ ಸಮಾಚಾರ ಕೇಳಲು ಕೂತ ಅಜ್ಜ ಇರಲಿಲ್ಲ.

ಅಜ್ಜಂದಿರ ಪರವಾಗಿ ಅಮೆರಿಕದ ಸಂಪರ್ಕ ಆಯೋಗ 1979ರಲ್ಲಿ ಗಣಕಗಳಿಗೆ ನಿಯಮ ಮಾಡಿತು. 1977ರಲ್ಲಿ ಬಂದಿದ್ದ ಟಿಆರ್‌ಎಸ್-80 ಮೊದಲ ಮಾದರಿ ಹತ್ತಿರದ ರೇಡಿಯೊಗಳ ಬಾಯಿ ಕಟ್ಟುವುದರಲ್ಲಿ ಹೆಸರು ಪಡೆದಿತ್ತು. ಹೊಸ ನಿಯಮಕ್ಕೆ ಹೊಂದದೆ ಅದು 1981ರ ಆರಂಭದಲ್ಲಿ ಮಾರುಕಟ್ಟೆಯಿಂದ ಸರಿಯಿತು. ಆಯೋಗದ ಭಯಕ್ಕೆ 1979ರ ಅಟಾರಿ ಗಣಕಗಳೊಳಗೆ ಎರಕದ ಅಲ್ಯುಮಿನಿಯಮ್ಮಿನ ದಪ್ಪ ಕವಚ ಕೂರಿಸಿದರು. ಇಂದಿನ ಅಂತರರಾಷ್ಟ್ರೀಯ ನಿಯಮಗಳು ಕಾರ್ಖಾನೆ-ಕಚೇರಿಯ ಯಂತ್ರಗಳಿಗೆ ‘ಎ’ ವರ್ಗವೆಂದೂ ಮನೆಯವಕ್ಕೆ ‘ಬಿ’ ವರ್ಗವೆಂದೂ ವಿಂಗಡಿಸಿ, ಮನೆಯ ಯಂತ್ರ ಕಾರ್ಖಾನೆಯದಕ್ಕಿಂತ ಮೌನವಾಗಿರಬೇಕೆಂದು ವಿಧಿಸುತ್ತವೆ. ಈ ವಿಧಿ ಬರೆದವರ ಮನೆಗಳು ಬಹಳ ಶಾಂತವಾಗಿದ್ದಿರಬೇಕು.

ಚಿಕಿತ್ಸೆಗೆ ಮುಂಚೆ ನಿದಾನ. ಸೆಲ್ಲು ಹಾಕಿದ ರೇಡಿಯೊ ಹಿಡಿದು ಮನೆಯ ಮೇನ್ ಸ್ವಿಚ್ ಇಳಿಸಬೇಕು. ಸದ್ದು ನಿಂತರೆ ಕಾರಣ ಮನೆಯೊಳಗಿನದು. ಬಳಿಕ ಕರೆಂಟು ಕೊಟ್ಟು ಒಂದೊಂದೇ ಉಪಕರಣದ ಪ್ಲಗ್ ಕೀಳುತ್ತ ಬರಬೇಕು. ಬರೀ ಸ್ವಿಚ್ ಆರಿಸಿದರೆ ಸಾಲದು. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ ನೋಡಿದಾಗ ಬಹುತೇಕ ಚಾರ್ಜರೇ ಸಿಕ್ಕಿಬೀಳುತ್ತದೆ. ರೇಡಿಯೊದ ನೆತ್ತಿಗೆ ಎರಡು ಬಾರಿಸುವುದೂ ಪರಂಪರಾಗತ ನಿದಾನಕ್ರಮವೇ. ಆದರೆ ಅದರಿಂದ ತಿಳಿಯುವುದು ರೇಡಿಯೊದ ಸ್ಥಿತಿಯಲ್ಲ, ಬಾರಿಸಿದವರದು.

ಮೊದಲ ಚಿಕಿತ್ಸೆ ದೂರ. 612 ಕಿಲೋಹರ್ಟ್ಸಿನ ಅಲೆಯ ಉದ್ದ ಸುಮಾರು 490 ಮೀಟರು. ಅದನ್ನು ಎರಡು ಪೈನಿಂದ ಭಾಗಿಸಿದಾಗ ಬರುವ 78 ಮೀಟರಿನೊಳಗೆಲ್ಲ ಸಮೀಪಕ್ಷೇತ್ರದ ನಿಯಮ ನಡೆಯುತ್ತದೆ. ಅಲ್ಲಿ ಗಣಕದ ಕಾಂತಕ್ಷೇತ್ರ ದೂರದ ಘನಕ್ಕೆ ತಕ್ಕಂತೆ ಕುಗ್ಗುತ್ತದೆ: ದೂರ ಎರಡರಷ್ಟಾದರೆ ಕ್ಷೇತ್ರ ಎಂಟರಲ್ಲೊಂದು ಪಾಲು. 78 ಮೀಟರಿಗಿಂತ ದೊಡ್ಡ ಮನೆ ಅರಮನೆಯಷ್ಟೇ ಆದ್ದರಿಂದ ಈ ಔಷಧ ಸಾಮಾನ್ಯರಿಗೆಲ್ಲ ನಾಟುತ್ತದೆ. ರೇಡಿಯೊವನ್ನು ಜಗಲಿಗೆ ಒಯ್ದರೆ ಸಾಕು. ಎಲ್ಲ ಮನೆಗಳಲ್ಲೂ ಜಗಲಿಗೆ ಹೋಗುವುದು ಹಿರಿಯನಾದ ರೇಡಿಯೊವೇ, ಗಣಕ ಎಂದೂ ಅಲ್ಲ. ಈ ನಿಯಮಕ್ಕೆ ಭೌತಶಾಸ್ತ್ರದಲ್ಲಿ ಆಧಾರವಿಲ್ಲ. 100 ಮೆಗಾಹರ್ಟ್ಸಿನ ಆಸುಪಾಸಿನ ಎಫ್‌ಎಂ ಕೇಳುವವರಿಗೆ ಘನದ ರಿಯಾಯಿತಿ ಅರ್ಧ ಮೀಟರಿಗೇ ಮುಗಿದುಹೋಗುತ್ತದೆ.

ಎರಡನೆಯದು ದಿಕ್ಕು. ಟ್ರಾನ್ಸಿಸ್ಟರಿನೊಳಗೆ ಫೆರೈಟ್ ಕಡ್ಡಿಗೆ ತಂತಿ ಸುತ್ತಿದ ಏರಿಯಲ್ ಅಡ್ಡಲಾಗಿ ಮಲಗಿರುತ್ತದೆ. ಅದರ ತುದಿ ಕೇಂದ್ರದ ಕಡೆಗಿದ್ದರೆ ಕೇಂದ್ರ ಕೇಳಿಸದು, ಪಕ್ಕೆ ಅತ್ತಲಿದ್ದರೆ ಚೆನ್ನಾಗಿ ಕೇಳುತ್ತದೆ. ಆದ್ದರಿಂದ ರೇಡಿಯೊವನ್ನು ಮೆಲ್ಲನೆ ತಿರುಗಿಸುತ್ತ ಹೋದರೆ ಗೊರಗೊರ ತಟ್ಟನೆ ಅಡಗುವ ಒಂದು ಕೋನ ಸಿಗುತ್ತದೆ. ಆ ಕೋನದಲ್ಲೇ ಕೇಂದ್ರವೂ ಅಡಗಿದರೆ ಗಣಕದ ಮೇಜನ್ನೇ ಸರಿಸಬೇಕು. ವಾಸ್ತು ಕೇಳಿ ಮೇಜನ್ನು ಆಗ್ನೇಯಕ್ಕೆ ಇಟ್ಟವರು ಈಗ ಎರಡು ಶಾಸ್ತ್ರಗಳ ನಡುವೆ ಒಂದನ್ನು ಆರಿಸಿಕೊಳ್ಳಬೇಕಾಗುತ್ತದೆ.

ಮಾನಿಟರಿನ ಕೇಬಲ್ಲಿನ ತುದಿಯಲ್ಲಿ, ಇಲಿ ನುಂಗಿದ ಕೇರೆಹಾವಿನ ಹೊಟ್ಟೆಯಂತಿರುವ ಗಂಟು ಫೆರೈಟಿನ ಉರುಳೆ. ಅದು ಕೇಬಲ್ಲಿನ ಮೈಮೇಲೆ ಸಾಗುವ ಕಳ್ಳ ವಿದ್ಯುತ್ತನ್ನು ತಡೆಯುತ್ತದೆ. ತಂತಿ ಒಮ್ಮೆ ಹಾದರೆ ಮಧ್ಯಮ ತರಂಗದಲ್ಲಿ ಪ್ರಯೋಜನ ಅತ್ಯಲ್ಪ. ಉಂಗುರದಾಕಾರದ ಫೆರೈಟಿಗೆ ಸುತ್ತಿದರೆ ತಡೆ ಸುತ್ತುಗಳ ವರ್ಗದಂತೆ ಏರುತ್ತದೆ: ಮೂರು ಸುತ್ತಿಗೆ ಒಂಬತ್ತರಷ್ಟು, ಹತ್ತು ಸುತ್ತಿಗೆ ನೂರರಷ್ಟು. ಹಳದಿ ದಾರವನ್ನು ಕೈಗೆ ಎಷ್ಟು ಸುತ್ತಿದರೆ ಎಷ್ಟು ಫಲವೆಂಬುದಕ್ಕೆ ಇಂಥ ಸೂತ್ರ ಇನ್ನೂ ದೊರೆತಿಲ್ಲ. ಕವಚದ ಮಾತು ಬೇಗ ಮುಗಿಯುತ್ತದೆ. ಲೋಹದ ಡಬ್ಬಿ ಮುಚ್ಚಿರಬೇಕು. ಮನೆಗಳಲ್ಲಿ ಅದರ ಒಂದು ಪಕ್ಕದ ತಗಡು ‘ಗಾಳಿಯಾಡಲಿ’ ಎಂದು ಮಂಚದಡಿ ಸೇರಿರುತ್ತದೆ. ಬಣ್ಣದ ದೀಪ ಕಾಣಲೆಂದು ಗಾಜಿನ ಪಕ್ಕೆಯ ಡಬ್ಬಿ ಕೊಂಡವರಿಗೆ ಈ ಅಧ್ಯಾಯದಲ್ಲಿ ಹೇಳುವಂಥದ್ದೇನೂ ಇಲ್ಲ.

ಎಲ್ಲಕ್ಕಿಂತ ಮುಖ್ಯವಾದುದು ಅರ್ಥಿಂಗ್. ಒಳ್ಳೆಯ ಎಸ್‌ಎಂಪಿಎಸ್ಸಿನ ಹೊಸ್ತಿಲಲ್ಲಿ ಒಂದು ಫಿಲ್ಟರ್ ಇರುತ್ತದೆ: ಜೋಡಿ ಸುರುಳಿ, ಎರಡು ತಂತಿಗಳ ನಡುವೆ ಒಂದು ಕೆಪಾಸಿಟರ್, ಎರಡರಿಂದಲೂ ಅರ್ಥಿಗೆ ಒಂದೊಂದು ಸಣ್ಣ ಕೆಪಾಸಿಟರ್. ಅಗ್ಗದ ಎಸ್‌ಎಂಪಿಎಸ್ ಬಿಚ್ಚಿದರೆ ಸುರುಳಿಯ ಜಾಗದಲ್ಲಿ ಒಂದು ತುಂಡು ತಂತಿ ಬೆಸೆದಿರುವುದು ಕಾಣುತ್ತದೆ, ಜಾತಕದಲ್ಲಿ ಗ್ರಹವಿಲ್ಲದ ಮನೆಯಂತೆ. ಫಿಲ್ಟರ್ ಇದ್ದರೂ ಅದು ಹಿಡಿದ ಗೊರಗೊರವನ್ನು ಭೂಮಿಗೆ ಒಪ್ಪಿಸಬೇಕು. ಆ ದಾರಿ ತ್ರೀ ಪಿನ್ ಪ್ಲಗ್ಗಿನ ದಪ್ಪ ಪಿನ್ನು. ಗೋಡೆಯ ಸಾಕೆಟ್ಟು ಎರಡು ತೂತಿನದಾದರೆ ಆ ಪಿನ್ನನ್ನು ಮುರಿಯುವುದೋ, ಮೂರನ್ನು ಎರಡಾಗಿಸುವ ಅಡಾಪ್ಟರ್ ತರುವುದೋ ರೂಢಿ. ಆಗ ಎರಡು ಕೆಪಾಸಿಟರುಗಳು 230 ವೋಲ್ಟನ್ನು ಸರಿಪಾಲು ಮಾಡಿಕೊಂಡು ಡಬ್ಬಿಯನ್ನು ಸುಮಾರು 115 ವೋಲ್ಟಿನಲ್ಲಿ ತೇಲಿಸುತ್ತವೆ. ಟೆಸ್ಟರ್ ಇಟ್ಟರೆ ದೀಪ ಮಿಣುಕುತ್ತದೆ, ಬರಿಗಾಲಲ್ಲಿ ಮುಟ್ಟಿದರೆ ಜುಮ್ಮೆನ್ನುತ್ತದೆ. ಡಬ್ಬಿ, ಕೇಬಲ್ಲು, ಗೋಡೆಯೊಳಗಿನ ವೈರು ಎಲ್ಲ ಸೇರಿ ಏರಿಯಲ್ ಆಗಿ, ವೈರು ಹೋದಲ್ಲೆಲ್ಲ ಸದ್ದೂ ಹೋಗುತ್ತದೆ. ಜಗಲಿಗೆ ಹೋದ ರೇಡಿಯೊ ಅಲ್ಲಿಯೂ ಗೊರಗುಟ್ಟುವುದು ಇದರಿಂದ.

ಪರಿಹಾರ ಹಳೆಯದು: ನೆಲದಲ್ಲಿ ಗುಂಡಿ, ಅದರಲ್ಲಿ ಲೋಹದ ಪೈಪು ಅಥವಾ ತಗಡು, ಸುತ್ತ ಇದ್ದಿಲು ಮತ್ತು ಉಪ್ಪು. ಬೇಸಗೆಯಲ್ಲಿ ಗುಂಡಿ ಒಣಗದಂತೆ ನೀರು ಹಾಕಬೇಕು. ದಿನವೂ ತುಳಸಿಗೆ ನೀರೆರೆಯುವ ಮನೆಗಳಲ್ಲೂ ನಾಲ್ಕು ಹೆಜ್ಜೆ ಆಚೆಯ ಅರ್ಥಿಂಗ್ ಗುಂಡಿ ಬಾಯಾರಿರುವುದು ಸಾಮಾನ್ಯ. ಅದಕ್ಕೆ ಸ್ತೋತ್ರವಿಲ್ಲದಿರುವುದೇ ಕಾರಣವಿರಬೇಕು.

ಗಣಕದ ತಯಾರಕರು ಕಂಡುಕೊಂಡ ಉಪಾಯ ಬೇರೆ. ಗಡಿಯಾರದ ಬಡಿತವನ್ನೇ ಶೇಕಡ ಅರ್ಧದಷ್ಟು ಅತ್ತಿತ್ತ ಅಲುಗಿಸುತ್ತಾರೆ; ಒಂದೇ ಆವರ್ತನದಲ್ಲಿ ನಿಂತಿದ್ದ ಶಕ್ತಿ ಹತ್ತಾರರಲ್ಲಿ ಹರಡಿ, ಅಳೆಯುವ ಮೀಟರಿನ ಮುಳ್ಳು ಇಳಿಯುತ್ತದೆ. ಒಟ್ಟು ಶಕ್ತಿ ಇದ್ದಷ್ಟೇ ಇರುತ್ತದೆ. ಮನೆಯ ಕಸವನ್ನು ಒಂದು ಗೇಟಿನ ಮುಂದೆ ಸುರಿಯುವ ಬದಲು ಬೀದಿಯ ಎಲ್ಲ ಗೇಟುಗಳ ಮುಂದೆ ಒಂದೊಂದು ಹಿಡಿ ಚೆಲ್ಲುವ ಈ ಕ್ರಮಕ್ಕೆ ಪ್ರಮಾಣಪತ್ರ ಸಿಗುತ್ತದೆ.

ಆಕಾಶವಾಣಿಯನ್ನು ಅಂತರ್ಜಾಲದ ಮೂಲಕ ಗಣಕದಲ್ಲೇ ಕೇಳಬಹುದಲ್ಲ ಎಂಬುದು ಮೊಮ್ಮಕ್ಕಳ ಸಿದ್ಧಾಂತ. ಆಗ ಗೊರಗೊರ ಕೇಳದೆಂಬುದು ದಿಟ. ಆದರೆ ಕರೆಂಟು ಹೋದರೆ ಸಮಾಚಾರವೂ ಹೋಗುತ್ತದೆ; ಎರಡು ಸೆಲ್ಲಿನ ರೇಡಿಯೊಗೆ ಆ ಕಾಟವಿಲ್ಲ. ಅಷ್ಟೇ ಅಲ್ಲ, ಕರೆಂಟು ಹೋಗುವುದೇ ಗೊರಗೊರಕ್ಕೆ ಪರಮ ಔಷಧ. ಇಡೀ ಬೀದಿಯ ಎಸ್‌ಎಂಪಿಎಸ್ಸುಗಳು ಒಟ್ಟಿಗೆ ಸತ್ತು, ಹಗಲಲ್ಲೂ ದೂರದ ಕೇಂದ್ರಗಳು ತಲೆಯೆತ್ತುತ್ತವೆ. ಗಣಕಕ್ಕೆ ಯುಪಿಎಸ್ ಇರುವ ಮನೆಗಳಿಗೆ ಮಾತ್ರ ಈ ಭಾಗ್ಯವಿಲ್ಲ. ಅಗ್ಗದ ಯುಪಿಎಸ್ ಕೊಡುವುದೂ ಚೌಕ ಅಲೆಯನ್ನೇ. ಕರೆಂಟು ಹೋದ ಕ್ಷಣದಿಂದ ಅದು ಎಚ್ಚರಗೊಳ್ಳುವುದಕ್ಕೆ ಸಾಮಾನ್ಯವಾಗಿ 4ರಿಂದ 10 ಮಿಲಿಸೆಕೆಂಡು ಬೇಕು. ಈ ಬಿಡುವಿನಲ್ಲಾದರೂ ರೇಡಿಯೊ ಸ್ವಚ್ಛವಾಗಿ ಕೇಳೀತೆಂದು ಭಾವಿಸುವಂತಿಲ್ಲ. ಅಷ್ಟು ಹೊತ್ತು ಎಸ್‌ಎಂಪಿಎಸ್ ತನ್ನ ಕೆಪಾಸಿಟರುಗಳಲ್ಲಿ ಕೂಡಿಟ್ಟ ವಿದ್ಯುತ್ತಿನಿಂದ ಗೊರಗುಟ್ಟುತ್ತಲೇ ಇರುತ್ತದೆ.