ವಾಸಂತಿಕ ಗೋ-ನಿರ್ವಹಣಾ ಮೀಮಾಂಸೆ: ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯನ್ನು ಅನುಲಕ್ಷಿಸಿ

ಪ್ರಸ್ತುತ ಸಂಪ್ರಬಂಧವು ಚಳ್ಳಕೆರೆ ಹಾಗೂ ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಫಾಲ್ಗುಣದಿಂದ ವೈಶಾಖದವರೆಗೆ ದನಕರುಗಳ ಮೇಲೆ ಜರುಗಿಸಲಾಗುವ ಕ್ರಿಯಾಕಲಾಪಗಳನ್ನು ಬಹುಶಿಸ್ತೀಯ, ಅಂತರ್‌ಶಿಸ್ತೀಯ ಹಾಗೂ (ಅನುದಾನದ ಅರ್ಜಿಯಲ್ಲಿ ಜಾಗ ಉಳಿದಿದ್ದರಿಂದ) ಶಿಸ್ತಾತೀತ ನೆಲೆಗಳಲ್ಲಿ ಅನುಸಂಧಾನಿಸುತ್ತದೆ. ‘ದನ ಕಾಯುವುದು’ ಎಂಬ ಮಾತಿಗೆ ಪಾರಿಭಾಷಿಕ ಘನತೆ ಸಾಲದಾದ್ದರಿಂದ ಇಲ್ಲಿ ‘ಚತುಷ್ಪಾದ ಸಂಚಲನ ನಿಯಂತ್ರಣ’ ಎಂದು ಪ್ರಯೋಗಿಸಲಾಗಿದೆ. ಸಗಣಿ ಬಾಚುವುದನ್ನು ‘ಜೈವಿಕ ಶೇಷ ಸಂಗ್ರಹಣೆ’ ಎಂದೂ, ಕರು ಒದೆಯುವುದನ್ನು ‘ಭಾಗೀದಾರರ ಹಿಮ್ಮಾಹಿತಿ’ ಎಂದೂ ಓದಿಕೊಳ್ಳತಕ್ಕದ್ದು.

ಮೊದಲ ತೊಡಕು ಋತುವಿನದು. ನಾವು ಆಧರಿಸಿದ ವಿದೇಶಿ ಕೈಪಿಡಿಯ ಪ್ರಕಾರ ವಸಂತವೆಂದರೆ ಹಿಮ ಕರಗಿ, ಹುಲ್ಲು ಚಿಗುರಿ, ಚಳಿಗಾಲವಿಡೀ ಕೊಟ್ಟಿಗೆಯಲ್ಲಿದ್ದ ಹಸುಗಳು ಬಾಗಿಲು ತೆಗೆದೊಡನೆ ಕುಣಿಯುತ್ತ ಹೊರಬೀಳುವ ಕಾಲ. ವರ್ಷಕ್ಕೆ ಐನೂರು ಮಿಲಿಮೀಟರ್ ಆಸುಪಾಸು ಮಳೆ ಕಾಣುವ ಈ ಸೀಮೆಯಲ್ಲಿ ವಸಂತಕ್ಕೆ ಚಿಗುರುವುದು ಬೇವು, ಹೊಂಗೆ. ನೆಲದ ಮೇಲೆ ಹುಲ್ಲಿನ ಬುಡವೂ ಉಳಿದಿರುವುದಿಲ್ಲ, ಶೇಂಗಾ ಹೊಟ್ಟಿನ ಬಣವೆ ತಳ ಕಂಡಿರುತ್ತದೆ. ಭರಣಿಯೋ ಕೃತ್ತಿಕೆಯೋ ಕೈಹಿಡಿದರೆ ಉಂಟು, ಇಲ್ಲದಿದ್ದರೆ ಗೋಶಾಲೆ. ಇದನ್ನು ಮಾರ್ಗದರ್ಶಕರಲ್ಲಿ ನಿವೇದಿಸಿದಾಗ ಅವರು ಕೈಪಿಡಿಯನ್ನು ಹಾಗೇ ಇಟ್ಟುಕೊಂಡು, ಚಳ್ಳಕೆರೆಯನ್ನು ‘ಪ್ರಾದೇಶಿಕ ವಿಚಲನೆ’ ಎಂದು ಅಡಿಟಿಪ್ಪಣಿಗೆ ಹಾಕಲು ಸೂಚಿಸಿದರು.

ಎರಡನೆಯದು ಐತಿಹಾಸಿಕ ಹಿನ್ನೆಲೆ. ಈ ಕಡೆಯ ಯಾವ ಪ್ರಬಂಧವೂ ಅಶೋಕನಿಗೆ ಕೈಮುಗಿಯದೆ ಮುಂದೆ ಹೋಗಕೂಡದು. ವಿಷಯ ಹುಣಸೆಹಣ್ಣಾದರೂ ಸರಿಯೆ. 1892ರಲ್ಲಿ ಬಿ.ಎಲ್. ರೈಸ್ ಅವರು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಪತ್ತೆ ಹಚ್ಚಿದರು. ತಂದೆತಾಯಿಗಳ ಮಾತು ಕೇಳಬೇಕು, ಜೀವಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು ಎಂದೆಲ್ಲ ಅಲ್ಲಿದೆ. ಹೋರಿಯ ಬೀಜದ ಪ್ರಸ್ತಾಪ ಮಾತ್ರ ಇಲ್ಲ. ಅದಿರುವುದು ಐದನೆಯ ಸ್ತಂಭಶಾಸನದಲ್ಲಿ: ಅಷ್ಟಮಿ, ಚತುರ್ದಶಿ, ಪಕ್ಷದ ಹದಿನೈದನೆಯ ದಿನ, ಪುಷ್ಯ ಮತ್ತು ಪುನರ್ವಸು ನಕ್ಷತ್ರದ ದಿನ, ಹಬ್ಬದ ದಿನ ಹೋರಿ, ಹೋತ, ಟಗರು, ಹಂದಿಗಳ ಬೀಜ ಒಡೆಯುವಂತಿಲ್ಲ ಎಂದು ಚಕ್ರವರ್ತಿಯ ಆಜ್ಞೆ. ಆ ಶಾಸನವಿರುವ ತೋಪ್ರಾದ ಕಂಬವನ್ನು ಫಿರೋಜ್ ಷಾ ತುಘಲಕ್ ದೆಹಲಿಗೆ ಹೊತ್ತುಕೊಂಡು ಹೋದ. ಅಲ್ಲಿಗೆ ಆಜ್ಞೆ ದೆಹಲಿಯಲ್ಲಿ, ದನ ಚಳ್ಳಕೆರೆಯಲ್ಲಿ. ಈ ವ್ಯವಸ್ಥೆ ಇಂದಿಗೂ ಚಾಲ್ತಿಯಲ್ಲಿದೆ ಎಂಬುದನ್ನು ಮುಂದೆ ನೋಡಲಾಗುವುದು.

ಇನ್ನು ಮುಖ್ಯ ಪ್ರಮೇಯ: ಬೀಜ ಒಡೆಯುವುದು, ಅರ್ಥಾತ್ ‘ಪೌರುಷದ ಸಾಂಸ್ಥಿಕ ಅಪನಿರ್ಮಾಣ’. ಹೋರಿಯ ದೇಹವು ಇಲ್ಲಿ ಯಜಮಾನಿಕೆಯ ಸಂಕಥನಗಳು ಪರಸ್ಪರ ಸಂಘರ್ಷಿಸುವ ಒಂದು ಪಠ್ಯವಾಗಿ... ಎಂದು ಎಂಟು ಪುಟ ಬರೆದಿದ್ದೇವೆ. ಕ್ಷೇತ್ರಕಾರ್ಯದಲ್ಲಿ ಕಂಡದ್ದು ಒಂದೇ ಪುಟದ ವಿಷಯ. ಹೋರಿಯ ಕೊಂಬಿನ ಬುಡಕ್ಕೆ ಹಗ್ಗದ ಕುಣಿಕೆ, ಎದೆಗೊಂದು ಸುತ್ತು, ಸೊಂಟಕ್ಕೊಂದು ಸುತ್ತು. ಹಿಂದಿನಿಂದ ಇಬ್ಬರು ಜಗ್ಗಿದರೆ ಅದು ಮಂಡಿಯೂರಿ ಮಗ್ಗುಲಾಗುತ್ತದೆ. ಕಾಲು ಕಟ್ಟಿ, ಒಬ್ಬ ಕತ್ತಿನ ಮೇಲೆ ಮೊಣಕಾಲೂರಿ ಕೂರುತ್ತಾನೆ. ಡಾಕ್ಟರು ಚೀಲದ ಮೇಲ್ಭಾಗದಲ್ಲಿ ಬೆರಳಾಡಿಸಿ, ಒಳಗಿನ ನರವನ್ನು ಒಂದು ಪಕ್ಕಕ್ಕೆ ಸರಿಸಿ, ಬರ್ಡಿಜೊ ಇಕ್ಕಳದ ಬಾಯಿಗೆ ಕೊಟ್ಟು ಹಿಡಿ ಮುಚ್ಚುತ್ತಾರೆ. ‘ಕಟಕ್’ ಎನ್ನುತ್ತದೆ. ಚರ್ಮ ಹರಿಯುವುದಿಲ್ಲ, ರಕ್ತ ಬರುವುದಿಲ್ಲ. ಆಮೇಲೆ ಇನ್ನೊಂದು ಪಕ್ಕ. ಎರಡನ್ನೂ ಒಂದೇ ಗೆರೆಯಲ್ಲಿ ಅಡ್ಡಡ್ಡಲಾಗಿ ಒತ್ತಿದರೆ ರಕ್ತ ಹರಿಯಲು ದಾರಿಯಿಲ್ಲದೆ ಚೀಲವೇ ಕೊಳೆಯುತ್ತದೆ, ಆದ್ದರಿಂದ ನಡುವೆ ಜಾಗ ಬಿಡಬೇಕು. ಇಕ್ಕಳ ಬರುವ ಮುಂಚೆ ಎರಡು ಕೋಲಿನ ನಡುವೆ ಸಿಕ್ಕಿಸಿ ಜಜ್ಜುತ್ತಿದ್ದರು. ಹೋರಿಯ ಹಿಮ್ಮಾಹಿತಿ ಎರಡೂ ಕಾಲದಲ್ಲಿ ಒಂದೇ.

“ಇದನ್ನ ಬ್ಯಾಸಿಗೇಲಿ ಯಾಕೆ ಮಾಡ್ತೀರಿ?” ಎಂದು ನಮ್ಮ ಪ್ರಶ್ನಾವಳಿಯ ನಲವತ್ತೊಂದನೆಯ ಪ್ರಶ್ನೆ.

“ಯಾರು ಮಾಡ್ತಾರಪ್ಪ?” ಎಂದರು ವಕ್ತೃಗಳಾದ ಅಜ್ಜ. “ಚಳೀಲಿ ಮಾಡ್ಸದು. ಈಗ ನೊಣ, ಬಿಸ್ಲು, ಮ್ಯಾಗೆ ಮೇವಿಲ್ಲ. ಈಗ ಕೆಡವಿದ್ರೆ ಎದ್ದೇಳಾಕೆ ಅದ್ರತ್ರ ಏನೈತೆ?” ಉತ್ತರವು ಪ್ರಬಂಧದ ಶೀರ್ಷಿಕೆಗೆ ಹೊಂದದ ಕಾರಣ ಕೈಬಿಡಲಾಗಿದೆ.

ವಯೋಮಾನದ ಆಧಾರದಲ್ಲಿ ಅಪನಿರ್ಮಾಣವನ್ನು ಐದು ವರ್ಗಗಳಾಗಿ ವಿಂಗಡಿಸಬಹುದು. ಒಂದು: ಹಾಲುಹಲ್ಲಿನ ಹಂತ. ಇಲ್ಲಿ ಒಡೆಸಿದರೆ ಕತ್ತು ತುಂಬುವುದಿಲ್ಲ, ಇಣಿ ಏಳುವುದಿಲ್ಲ, ನೊಗ ನಿಲ್ಲುವುದಿಲ್ಲ. ಎರಡು: ಎರಡು ಹಲ್ಲಿನ ಹಂತ; ಬಹುತೇಕರ ಲೆಕ್ಕ ಇಲ್ಲೇ. ಮೂರು: ನಾಲ್ಕು ಹಲ್ಲಾಗಿ, ಪುಂಡಾಟ ಕಲಿತ ಮೇಲೆ. ನಾಲ್ಕು... ನಾಲ್ಕು, ಐದು ಬಿಡಿ. ಒಡೆಸಿದ ಎತ್ತಿಗೆ ನೊಗ ಬೇಕು, ನೊಗಕ್ಕೆ ಹೊಲ ಬೇಕು, ಆ ಹೊಲದಲ್ಲಿ ಈಗ ಟ್ರ್ಯಾಕ್ಟರ್ ಇದೆ. 2021ರಿಂದ ಜಾರಿಯಲ್ಲಿರುವ ಗೋಹತ್ಯೆ ನಿಷೇಧ ಕಾಯ್ದೆಯ ಪ್ರಕಾರ ಎತ್ತನ್ನೂ ಕಟುಕರಿಗೆ ಕೊಡುವಂತಿಲ್ಲ. ಗಂಡುಕರುವಿಗೆ ಸಂತೆಯಲ್ಲಿ ಬೆಲೆ ಕೇಳುವವರೇ ಇಲ್ಲದಾಗ ಅದರ ಹಲ್ಲೆಣಿಸಿ ವರ್ಗೀಕರಿಸುವುದು ನಮಗೂ ನಾಚಿಕೆ.

ಉಳಿದ ಕೆಲಸಗಳನ್ನು ಬೇಗ ಮುಗಿಸುತ್ತೇವೆ: ಉಣ್ಣೆಹುಳು ಬಿಡಿಸುವುದು, ಮೂಗುದಾರ, ಲಾಳ, ಮಳೆಗೆ ಮುಂಚೆ ಚಪ್ಪೆ ರೋಗಕ್ಕೂ ಗಳಲೆ ರೋಗಕ್ಕೂ ಲಸಿಕೆ, ಕಾಲುಬಾಯಿ ಜ್ವರದ ಚುಚ್ಚುಮದ್ದು, ಕಿವಿಗೆ ಹನ್ನೆರಡು ಅಂಕಿಯ ಹಳದಿ ಓಲೆ. ಪ್ರತಿ ದನಕ್ಕೂ ಸರ್ಕಾರದಲ್ಲಿ ಒಂದು ನಂಬರ್ ಇದೆ. ಮೇವು ಎಲ್ಲಿದೆ ಎಂಬುದಕ್ಕೆ ನಂಬರ್ ಇಲ್ಲ.

ಒಂದು ಅಪವಾದ. ಮ್ಯಾಸಬೇಡರ ದೇವರ ಎತ್ತುಗಳಿವೆ; ಅವನ್ನು ನೊಗಕ್ಕೆ ಕಟ್ಟುವಂತಿಲ್ಲ, ಮಾರುವಂತಿಲ್ಲ, ಸತ್ತರೆ ಮಣ್ಣು ಮಾಡುತ್ತಾರೆ. ಕಾಯುವವರು ಕಿಲಾರಿಗಳು. ಉತ್ಪಾದಕತೆಯ ಕೋಷ್ಟಕದಲ್ಲಿ ಇವು ಯಾವ ಕಾಲಮ್ಮಿಗೂ ಬರಲಿಲ್ಲ. ಬರ ಬಂದಾಗ ಭಕ್ತರು ಮೇವು ಹೊತ್ತು ತರುವುದನ್ನು ಯಾವ ಕಾಲಮ್ಮಿಗೆ ಹಾಕಬೇಕೆಂದು ಮಾರ್ಗದರ್ಶಕರಿಗೂ ಹೊಳೆಯಲಿಲ್ಲ.

ಕೊನೆಯ ಅಧ್ಯಾಯ ‘ಹುಲ್ಲುಗಾವಲಿಗೆ ಬಿಡುಗಡೆ’. ಇದಕ್ಕೆ ಭರ್ಜರಿ ಹಿನ್ನೆಲೆ ಉಂಟು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ, ಅದಕ್ಕೆ ಟಿಪ್ಪು ಇಟ್ಟ ಅಮೃತ ಮಹಲ್ ಎಂಬ ಹೆಸರು, ದಂಡಿನ ಬಂಡಿ ಎಳೆದ ತಳಿ, ಅದಕ್ಕಾಗಿ ಕಾದಿಟ್ಟ ಕಾವಲುಗಳು. ಬೇಸಿಗೆಗೆ ಬೇರೆ ಕಾವಲು, ಮಳೆಗಾಲಕ್ಕೆ ಬೇರೆ, ಚಳಿಗೆ ಬೇರೆ. ಬೇಸಿಗೆಯ ಕಾವಲಿಗೆ ನೀರೂ ನೆರಳೂ ಇರುವ ಜಾಗವನ್ನೇ ಆರಿಸುತ್ತಿದ್ದರು. ದಂಡಿಗೆ ಎತ್ತು ಬೇಕೆಂಬ ಸ್ವಾರ್ಥದಿಂದಲೇ ಇರಲಿ, ದನ ಎಲ್ಲಿ ಮೇಯಬೇಕು ಎಂದು ಯೋಚಿಸಿದ ಆಡಳಿತ ಅದು. ಆಮೇಲೆ ಊರ ದನವೂ ಕುರಿಯೂ ಅಲ್ಲೇ ಮೇದವು. ಚಳ್ಳಕೆರೆಯ ಕಂಬಳಿ ಆ ಹುಲ್ಲಿನಿಂದಲೇ ಬಂತು.

ಕ್ಷೇತ್ರಕಾರ್ಯಕ್ಕೆ ಕಾವಲು ಹುಡುಕಿಕೊಂಡು ಹೋದರೆ ಸಿಕ್ಕಿದ್ದು ಗೋಡೆ. 2009–10ರ ಸುಮಾರಿಗೆ ವರವು ಕಾವಲು, ಉಳ್ಳಾರ್ತಿ ಕಾವಲು, ಕುದಾಪುರದ ಕಡೆಯ ಹತ್ತು ಸಾವಿರ ಎಕರೆಯಷ್ಟು ನೆಲವನ್ನು ರಕ್ಷಣಾ ಸಂಶೋಧನೆಗೆ, ಅಣು ಸಂಶೋಧನೆಗೆ, ಬಾಹ್ಯಾಕಾಶಕ್ಕೆ, ವಿಜ್ಞಾನ ಸಂಸ್ಥೆಗೆ, ಒಂದು ಸೌರ ವಿದ್ಯುತ್ ಕಂಪನಿಗೆ ಹಂಚಲಾಯಿತು. ಕಡತದಲ್ಲಿ ಅದು ಖಾಲಿ ಜಾಗ. ಕೃಷ್ಣಮೃಗ ಓಡಾಡುವ, ಕುರಿ ದನ ಮೇಯುವ, ಜನ ಹೊಂಚಿಪುಲ್ಲು ಕೊಯ್ದು ಪೊರಕೆ ಕಟ್ಟುವ ನೆಲ ಖಾಲಿ! ಸುತ್ತಲ ಹಳ್ಳಿಯವರಿಗೆ ವಿಷಯ ತಿಳಿದದ್ದು ಗೋಡೆ ಎದ್ದ ಮೇಲೆ. ಅವರು ಬೀದಿಗಿಳಿದರು, ಹಸಿರು ನ್ಯಾಯಮಂಡಳಿಯವರೆಗೂ ಹೋದರು. 2017ರಲ್ಲಿ ಕೇಂದ್ರದ ಮಂತ್ರಿಗಳು ಬಂದು ವಿಮಾನ ಪರೀಕ್ಷಾ ಕ್ಷೇತ್ರ ಉದ್ಘಾಟಿಸಿದರು. ಅಲ್ಲಿ ಈಗ ಹಾರುವುದು ಚಾಲಕನಿಲ್ಲದ ವಿಮಾನ. ದನ ಕಾಯುವವನಿಲ್ಲದ ಆಕಾಶ, ನೆಲವಿಲ್ಲದ ದನ ಕಾಯುವವ.

ವಿಮಾನ ಬೇಡ ಎನ್ನುವವ ನಾನಲ್ಲ. ಮೇಯುವ ನೆಲ ಕೊಟ್ಟವರಿಗೆ ಬದಲು ನೆಲ ಎಲ್ಲಿ ಎಂಬ ಒಂದು ಪ್ರಶ್ನೆಗೆ ಇಷ್ಟು ದೊಡ್ಡ ವಿಜ್ಞಾನ ನಗರಿಯಲ್ಲಿ ಒಬ್ಬನೂ ಬಾಯಿ ಬಿಡುವುದಿಲ್ಲ ಎನ್ನುವುದಷ್ಟೇ ನನ್ನ ಸಿಟ್ಟು. ಅದೇ ಜನ ‘ಮೇವಿನ ಕೊರತೆಯ ಬಹುಆಯಾಮಗಳು’ ಎಂದು ಎರಡು ದಿನದ ವಿಚಾರ ಸಂಕಿರಣಕ್ಕೆ ಕರೆಯುತ್ತಾರೆ, ಊಟ ಚೆನ್ನಾಗಿರುತ್ತದೆ.

ಶಿಫಾರಸುಗಳು. ಮಾರ್ಗದರ್ಶಕರು ಹತ್ತು ಕೇಳಿದ್ದರು, ನನ್ನಲ್ಲಿರುವುದು ಒಂದೇ. ಮೇವಿನ ಕೊರತೆಯ ಕಾರಣ ಹುಡುಕಲು ಇನ್ನೊಂದು ಅನುದಾನ ಮಂಜೂರು ಮಾಡಬೇಡಿ. ಯಾವ ಕಾವಲು, ಎಷ್ಟು ಎಕರೆ, ಯಾರಿಗೆ ಎಂಬುದೆಲ್ಲ ಜಮೀನು ಮಂಜೂರಾತಿ ಆದೇಶಗಳಲ್ಲೇ ಅಚ್ಚಾಗಿದೆ. ಅದನ್ನು ತೆಗೆದು ಆ ಅಜ್ಜನಿಗೆ ಓದಿ ಹೇಳಿ, ನಾಳೆ ಬೆಳಿಗ್ಗೆ ದನ ಎಲ್ಲಿಗೆ ಹೊಡೆಯಬೇಕೆಂದು ಅವರ ಮುಂದೆಯೇ ನಿಂತು ಉತ್ತರ ಕೊಡಿ.